ಬಂಜೆ ಎಂಬ ಮಾತು, ಮೂರು ಮಾತ್ರೆಗಳ ಕತೆ

ಉರ್ದುವಿನಲ್ಲಿ 'ಬಾಂಝ್' ಎನ್ನುತ್ತಾರೆ, ಕನ್ನಡದಲ್ಲಿ 'ಬಂಜೆ'. ಎರಡು ಭಾಷೆಗಳಲ್ಲೂ ಓದಿದ ನನಗೆ ಇವೆರಡೂ ಸಂಸ್ಕೃತದ 'ವಂಧ್ಯಾ' ಎಂಬ ಒಂದೇ ಬೇರಿನಿಂದ ಬಂದವೆಂದು ಗೊತ್ತಾದದ್ದು ತಡವಾಗಿ. ಲಿಪಿ ಬೇರೆ, ಮನೆ ಬೇರೆ, ಚುಚ್ಚುಮಾತು ಮಾತ್ರ ಒಂದೇ. ತೊಂದರೆ ಗಂಡನಲ್ಲಿದೆಯೋ ಹೆಂಡತಿಯಲ್ಲಿದೆಯೋ ಎಂದು ಪರೀಕ್ಷೆಯಾಗುವ ಮೊದಲೇ ಅದು ಸೊಸೆಯ ಹಣೆಗೆ ಅಂಟಿಬಿಡುತ್ತದೆ. ಹಾಗೆ ಕರೆಸಿಕೊಂಡ ಎಷ್ಟೋ ಹೆಣ್ಣುಮಕ್ಕಳಿಗೆ ಇದ್ದದ್ದು ಔಷಧಿಗೆ ಬಗ್ಗುವ ಒಂದು ತೊಂದರೆ. ಅದರ ಹೆಸರು ಪಾಲಿಸಿಸ್ಟಿಕ್ ಓವೇರಿಯನ್ ಸಿಂಡ್ರೋಮ್, ಚಿಕ್ಕದಾಗಿ ಪಿಸಿಓಎಸ್.

ಇದರಲ್ಲಿ ಪುರುಷ ಹಾರ್ಮೋನಿನ ಪ್ರಮಾಣ ಹೆಚ್ಚಾಗುತ್ತದೆ. ಮುಟ್ಟು ತಿಂಗಳುಗಟ್ಟಲೆ ತಪ್ಪುತ್ತದೆ, ಮುಖದಲ್ಲಿ ಕೂದಲು ಬೆಳೆಯಬಹುದು. ಅಂಡಾಶಯದಲ್ಲಿ ಅಂಡಗಳಿರುತ್ತವೆ, ಆದರೆ ಬಲಿತು ಹೊರಬರುವುದಿಲ್ಲ. ಮಕ್ಕಳಾಗುವ ವಯಸ್ಸಿನ ಹತ್ತು ಹೆಂಗಸರಲ್ಲಿ ಒಬ್ಬರಿಗಾದರೂ ಇದು ಇದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ರೋಗ ಹೊಸದಲ್ಲ. 1721ರಲ್ಲಿ ಇಟಲಿಯ ಆಂಟೋನಿಯೋ ವಾಲಿಸ್ನೇರಿ ಎಂಬ ವೈದ್ಯ ಮಕ್ಕಳಾಗದ ಒಬ್ಬ ರೈತ ಹೆಂಗಸಿನ ಅಂಡಾಶಯಗಳ ಬಗ್ಗೆ ಬರೆದಿದ್ದ. ಅವು ದೊಡ್ಡದಾಗಿ, ಬಿಳುಪಾಗಿ, ಪಾರಿವಾಳದ ಮೊಟ್ಟೆಯಂತಿದ್ದವಂತೆ. ಇದಕ್ಕೊಂದು ವೈದ್ಯಕೀಯ ಚಹರೆ ಸಿಕ್ಕಿದ್ದು 1935ರಲ್ಲಿ, ಶಿಕಾಗೋದ ಇರ್ವಿಂಗ್ ಸ್ಟೈನ್ ಮತ್ತು ಮೈಕೆಲ್ ಲೆವೆಂಥಾಲ್ ಏಳು ಹೆಂಗಸರ ಕುರಿತು ಬರೆದಾಗ. ಅವರು ಶಸ್ತ್ರಚಿಕಿತ್ಸೆ ಮಾಡಿ ಅಂಡಾಶಯದ ಒಂದು ಭಾಗವನ್ನೇ ಕತ್ತರಿಸಿ ತೆಗೆದಿದ್ದರು. ಏಳೂ ಮಂದಿಗೆ ಮುಟ್ಟು ಮರಳಿತು, ಇಬ್ಬರು ಗರ್ಭಿಣಿಯಾದರು. ಆ ಮೇಲೆ ಹಲವು ವರ್ಷ ಹೊಟ್ಟೆ ಕೊಯ್ಯುವುದೇ ಇದಕ್ಕೆ ಮದ್ದಾಗಿತ್ತು.

ಕತ್ತಿಯ ಜಾಗಕ್ಕೆ ಮಾತ್ರೆ ತಂದದ್ದು ಕ್ಲೋಮಿಫೀನ್. ಅಮೆರಿಕದ ಸಿನ್ಸಿನಾಟಿಯ ಮೆರೆಲ್ ಕಂಪನಿ 1956ರಲ್ಲಿ ಇದನ್ನು ತಯಾರಿಸಿತು. 1961ರಲ್ಲಿ ರಾಬರ್ಟ್ ಗ್ರೀನ್‌ಬ್ಲಾಟ್ ಎಂಬ ವೈದ್ಯರು 36 ಹೆಂಗಸರಿಗೆ ಕೊಟ್ಟಾಗ 28 ಮಂದಿಯಲ್ಲಿ ಅಂಡ ಬಿಡುಗಡೆಯಾಯಿತು. 1967ರಲ್ಲಿ ಅಮೆರಿಕ ಸರ್ಕಾರದ ಒಪ್ಪಿಗೆಯೂ ಸಿಕ್ಕಿತು. ದೇಹದಲ್ಲಿ ಈಸ್ಟ್ರೋಜನ್ ಕಡಿಮೆಯಾಗಿದೆ ಎಂದು ಇದು ಮೆದುಳನ್ನು ನಂಬಿಸುತ್ತದೆ. ಮೆದುಳು ಅಂಡ ಬಲಿಸಲು ಆಜ್ಞೆ ಕಳಿಸುತ್ತದೆ. ಆದರೆ ಔಷಧಿ ದೇಹದಲ್ಲಿ ಬಹಳ ದಿನ ಉಳಿದು, ಕೆಲವರಲ್ಲಿ ಗರ್ಭಕೋಶದ ಒಳಪದರವನ್ನು ತೆಳುವಾಗಿಸುತ್ತದೆ. ಅಂಡ ಬಂದರೂ ಅದು ನೆಲೆಯೂರಲು ಹದವಾದ ಜಾಗ ಬೇಕಲ್ಲ?

ಎರಡನೆಯದು ನಮ್ಮ ಮನೆಗಳಿಗೆ ಚಿರಪರಿಚಿತ, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್. ಪಿಸಿಓಎಸ್ ಇರುವ ಅನೇಕರಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲವೆಂದು ತಿಳಿದ ಮೇಲೆ, 1994ರಿಂದ ಇದರ ಮೇಲೆ ದೊಡ್ಡ ಆಸೆ ಹುಟ್ಟಿತು.

ಅಲ್ಲಿಯವರೆಗೆ ಸಾಮಾನ್ಯವಾಗಿ ನಡೆಯುತ್ತಿದ್ದ ಲೆಕ್ಕ ಅಂಡದ್ದು. ಹೆಂಗಸಿಗೆ ಬೇಕಾದ ಲೆಕ್ಕ ಮಗುವಿನದು. ಅದನ್ನೇ ಮುಖ್ಯವಾಗಿಟ್ಟುಕೊಂಡ ದೊಡ್ಡ ಹೋಲಿಕೆ ಅಮೆರಿಕದಲ್ಲಿ ನಡೆದು 2007ರಲ್ಲಿ ಪ್ರಕಟವಾಯಿತು. 626 ಹೆಂಗಸರಲ್ಲಿ ಕ್ಲೋಮಿಫೀನ್ ತೆಗೆದುಕೊಂಡ ಶೇ. 22.5ರಷ್ಟು ಮಂದಿ ಮಗು ಹೆತ್ತರು. ಮೆಟ್‌ಫಾರ್ಮಿನ್ ಮಾತ್ರ ತೆಗೆದುಕೊಂಡವರಲ್ಲಿ ಶೇ. 7.2. ಎರಡನ್ನೂ ಸೇರಿಸಿದಾಗ ಅಂಡ ಬಿಡುಗಡೆ ಚೆನ್ನಾಗಿಯೇ ಹೆಚ್ಚಿತು. ಆದರೆ ಮಗು ಪಡೆದವರು ಶೇ. 26.8, ಕ್ಲೋಮಿಫೀನ್ ಒಂದಕ್ಕಿಂತ ಮೇಲು ಎಂದು ಖಚಿತವಾಗಿ ಹೇಳುವಷ್ಟು ವ್ಯತ್ಯಾಸವಲ್ಲ.

ಮೂರನೆಯ ಮಾತ್ರೆ ಲೆಟ್ರೋಜೋಲ್, ಸ್ತನ ಕ್ಯಾನ್ಸರಿನ ಔಷಧಿ. ಇದು ಈಸ್ಟ್ರೋಜನ್ ತಯಾರಿಕೆಯನ್ನೇ ಕೆಲ ದಿನ ತಗ್ಗಿಸಿ ಬೇಗ ದೇಹ ಬಿಟ್ಟು ಹೋಗುತ್ತದೆ. 2001ರಲ್ಲಿ ಕೆನಡಾದ ಮಿತ್ವಾಲಿ ಮತ್ತು ಕ್ಯಾಸ್ಪರ್ ಇದನ್ನು ಅಂಡ ಬಲಿಸಲು ಬಳಸಿದ್ದನ್ನು ವರದಿ ಮಾಡಿದರು. 2005ರಲ್ಲಿ ಒಂದು ಸಮ್ಮೇಳನದಲ್ಲಿ, ಇದರಿಂದ ಹುಟ್ಟಿದ 150 ಮಕ್ಕಳಲ್ಲಿ ಅಂಗದೋಷ ಹೆಚ್ಚು ಎಂಬ ಮಾತು ಬಂದು ಎಲ್ಲರೂ ಬೆಚ್ಚಿದರು. ಮರುವರ್ಷ 911 ಮಕ್ಕಳನ್ನು ಪರಿಶೀಲಿಸಿದಾಗ ದೋಷದ ಪ್ರಮಾಣ ಲೆಟ್ರೋಜೋಲ್‌ನಲ್ಲಿ ಶೇ. 2.4, ಕ್ಲೋಮಿಫೀನ್‌ನಲ್ಲಿ ಶೇ. 4.8 ಎಂದು ತಿಳಿಯಿತು.

ನಮ್ಮ ದೇಶದ ಕತೆ ಕೇಳಿ. ಅನುಮತಿ ಪಡೆಯದೆ 400ಕ್ಕೂ ಹೆಚ್ಚು ಹೆಂಗಸರ ಮೇಲೆ ಇದರ ಪ್ರಯೋಗ ನಡೆಯಿತೆಂದು 2004ರ ಹೊತ್ತಿಗೆ ವೈದ್ಯಕೀಯ ಪತ್ರಿಕೆಗಳೇ ದೂರಿದವು. 2007ರಲ್ಲಿ ಬಂಜೆತನದ ಚಿಕಿತ್ಸೆಗೆ ಒಪ್ಪಿಗೆ, 2011ರ ಅಕ್ಟೋಬರಿನಲ್ಲಿ ನಿಷೇಧ. ಆ ಒಪ್ಪಿಗೆ ಕೊಟ್ಟ ರೀತಿಯನ್ನೇ 2012ರಲ್ಲಿ ಸಂಸದೀಯ ಸಮಿತಿ ಟೀಕಿಸಿತು. ಇಲ್ಲಿ ನಿಷೇಧವಿದ್ದಾಗಲೇ, 2014ರಲ್ಲಿ ಅಮೆರಿಕದ 750 ಹೆಂಗಸರ ಹೋಲಿಕೆ ಪ್ರಕಟವಾಯಿತು. ಮಗು ಪಡೆದವರು ಲೆಟ್ರೋಜೋಲ್‌ನಲ್ಲಿ ಶೇ. 27.5, ಕ್ಲೋಮಿಫೀನ್‌ನಲ್ಲಿ ಶೇ. 19.1. 2017ರಲ್ಲಿ ನಮ್ಮಲ್ಲೂ ನಿಷೇಧ ತೆರವಾಯಿತು. 2018 ಮತ್ತು 2023ರ ಅಂತಾರಾಷ್ಟ್ರೀಯ ಮಾರ್ಗಸೂಚಿಗಳು ಇದನ್ನೇ ಮೊದಲ ಆಯ್ಕೆ ಎಂದವು.

ಮಾತ್ರೆ ಗೆದ್ದಿತು, ನಿಜ. ಹಾಗೆಂದು ಅನುಮತಿಯಿಲ್ಲದೆ ನಡೆದ ಪ್ರಯೋಗ ಸರಿಯಾಗಿಬಿಡುತ್ತದೆಯೇ? ಒಪ್ಪಿಗೆ, ನಿಷೇಧ, ಮತ್ತೆ ಒಪ್ಪಿಗೆಗಳ ನಡುವೆ ಆ ಮಾತ್ರೆ ನುಂಗಿದವಳಿಗೆ 'ಇದು ಇಂಥದ್ದು, ಇದಕ್ಕೆ ಪರ್ಯಾಯ ಇಂಥದ್ದು' ಎಂದು ಕೂರಿಸಿ ಹೇಳಿದವರು ಎಷ್ಟು ಮಂದಿ?

ಇನ್ನೊಂದು ಮಾತು. ಗೆದ್ದ ಮಾತ್ರೆಯಲ್ಲೂ ನೂರರಲ್ಲಿ ಎಪ್ಪತ್ತಕ್ಕೂ ಹೆಚ್ಚು ಮಂದಿಗೆ ಆ ಐದು ಸುತ್ತಿನ ಚಿಕಿತ್ಸೆಯಲ್ಲಿ ಮಗುವಾಗಲಿಲ್ಲ. ಅವರ ಮುಂದೆ ಬೇರೆ ಚಿಕಿತ್ಸೆಗಳಿವೆ, ಕಾಯುವಿಕೆಯೂ ಇದೆ. ಆ ಕಾಲದಲ್ಲಿ ಅವರಿಗೆ ಬೇಕಾದದ್ದು ವೈದ್ಯರ ಸಲಹೆ, ಗಂಡನೂ ಪರೀಕ್ಷೆಗೆ ಜೊತೆ ಬರುವುದು, ಅತ್ತೆ ಮನೆಯಲ್ಲಿ ಸ್ವಲ್ಪ ತಾಳ್ಮೆ. ಎರಡೂ ಭಾಷೆಯ ಆ ಒಂದು ಪದವನ್ನು ನಾವು ಬಾಯಿಂದ ತೆಗೆದುಹಾಕಿದರೆ ಅರ್ಧ ನೋವು ಅಲ್ಲೇ ಇಳಿದೀತು.