ಟಿಬಿಎ21–ಅಕಾಡೆಮಿ

ಟಿಬಿಎ21–ಅಕಾಡೆಮಿಯು ಸಮುದ್ರ, ಕರಾವಳಿ ಹಾಗೂ ಅವುಗಳನ್ನು ನಂಬಿ ಬದುಕುವ ಸಮುದಾಯಗಳ ಕುರಿತು ಕೃತಿ ರಚಿಸುವ ಕಲಾವಿದರಿಗೆ ನೆರವು ನೀಡುವ ಖಾಸಗಿ ಸಾಂಸ್ಕೃತಿಕ ಸಂಸ್ಥೆಯಾಗಿದೆ. ಥೈಸನ್-ಬೋರ್ನೆಮಿಸಾ ಆರ್ಟ್ ಕಂಟೆಂಪರರಿ ಎಂಬ ಕಲಾ ಪ್ರತಿಷ್ಠಾನದ (ಸಂಕ್ಷಿಪ್ತವಾಗಿ ಟಿಬಿಎ21) ಅಂಗವಾಗಿ ಇದು 2011ರಲ್ಲಿ ಆರಂಭವಾಯಿತು. ಇಟಲಿಯ ವೆನಿಸ್ ನಗರದಲ್ಲಿರುವ ಓಷನ್ ಸ್ಪೇಸ್ ಇದರ ಸಾರ್ವಜನಿಕ ಕೇಂದ್ರ. ಕಲಾವಿದರನ್ನೂ ವಿಜ್ಞಾನಿಗಳನ್ನೂ ಒಟ್ಟಿಗೆ ಸಮುದ್ರಯಾನಕ್ಕೆ ಕರೆದೊಯ್ಯುವುದು, ಆ ಅನುಭವದಿಂದ ಹುಟ್ಟುವ ಕೃತಿಗಳ ವೆಚ್ಚ ಭರಿಸುವುದು ಮತ್ತು ಅವುಗಳಿಗೆ ಪ್ರದರ್ಶನದ ಅವಕಾಶ ಒದಗಿಸುವುದು ಸಂಸ್ಥೆಯ ಮುಖ್ಯ ಕಾರ್ಯವಿಧಾನವಾಗಿದೆ. ಸಮುದ್ರ ಯಾರಿಗೆ ಸೇರಿದ್ದು ಎಂಬ ಪ್ರಶ್ನೆ ಇದರ ನೆರವಿನಿಂದ ರಚಿತವಾದ ಹಲವು ಕೃತಿಗಳಲ್ಲಿ ಮರುಕಳಿಸುತ್ತದೆ.

ಸ್ಥಾಪನೆ

ಟಿಬಿಎ21 ಪ್ರತಿಷ್ಠಾನವನ್ನು ಫ್ರಾನ್ಸೆಸ್ಕಾ ಥೈಸನ್-ಬೋರ್ನೆಮಿಸಾ ಅವರು 2002ರಲ್ಲಿ ಆಸ್ಟ್ರಿಯಾದ ವಿಯೆನ್ನಾದಲ್ಲಿ ಸ್ಥಾಪಿಸಿದರು. ಇವರ ತಂದೆ ಹಾನ್ಸ್ ಹೈನ್ರಿಕ್ ಥೈಸನ್-ಬೋರ್ನೆಮಿಸಾ ಯುರೋಪಿನ ಪ್ರಸಿದ್ಧ ಕಲಾಸಂಗ್ರಾಹಕರು. ಅವರ ಸಂಗ್ರಹವನ್ನು ಸ್ಪೇನ್ ಸರ್ಕಾರ 1993ರಲ್ಲಿ ಖರೀದಿಸಿತು. ಆ ಸಂಗ್ರಹ ಇಂದು ಮ್ಯಾಡ್ರಿಡ್‌ನ ಥೈಸನ್-ಬೋರ್ನೆಮಿಸಾ ವಸ್ತುಸಂಗ್ರಹಾಲಯದಲ್ಲಿದೆ. ಕುಟುಂಬದ ಸಂಪತ್ತಿನ ಮೂಲ ಜರ್ಮನಿಯ ರೂರ್ ಪ್ರದೇಶದ ಕಲ್ಲಿದ್ದಲು ಮತ್ತು ಉಕ್ಕಿನ ಉದ್ಯಮ. ಅದನ್ನು ಕಟ್ಟಿದ ಆಗಸ್ಟ್ ಥೈಸನ್ ಫ್ರಾನ್ಸೆಸ್ಕಾ ಅವರ ಮುತ್ತಜ್ಜ. ಪರಿಸರವನ್ನು ಕುರಿತ ಕಲೆಗೆ ಕಲ್ಲಿದ್ದಲಿನಿಂದ ಬಂದ ಸಂಪತ್ತು ಆಸರೆಯಾಗಿರುವುದು ಈ ಸಂಸ್ಥೆಯನ್ನು ಅಧ್ಯಯನ ಮಾಡುವವರು ಮರೆಯಬಾರದ ಸಂಗತಿ.

ಪ್ರತಿಷ್ಠಾನವು ಮೊದಲಿನಿಂದಲೂ ಸಿದ್ಧ ಕೃತಿಗಳನ್ನು ಕೊಳ್ಳುವುದರ ಜೊತೆಗೆ ಹೊಸ ಕೃತಿಗಳ ರಚನೆಯನ್ನು ಕಲಾವಿದರಿಗೆ ವಹಿಸಿಕೊಡುವ ಪದ್ಧತಿಯನ್ನು ಅನುಸರಿಸಿತು. 2011ರಲ್ಲಿ ಫ್ರಾನ್ಸೆಸ್ಕಾ ಅವರು ಮಾರ್ಕುಸ್ ರೈಮನ್ ಅವರೊಡನೆ ಅಕಾಡೆಮಿಯನ್ನು ಆರಂಭಿಸಿದಾಗ ಇದೇ ಪದ್ಧತಿ ಸಮುದ್ರದತ್ತ ತಿರುಗಿತು. ಅಕಾಡೆಮಿ ಎಂಬ ಹೆಸರಿದ್ದರೂ ಇಲ್ಲಿ ತರಗತಿ, ಪರೀಕ್ಷೆ, ಪದವಿಗಳಿಲ್ಲ. ಆರಂಭದ ವರ್ಷಗಳಲ್ಲಿ ಡಾರ್ಡನೆಲ್ಲಾ ಎಂಬ ಹಡಗೇ ಇದರ ಕಾರ್ಯಸ್ಥಳವಾಗಿತ್ತು.

ನೆರವಿನ ಸ್ವರೂಪ

ಕಲಾವಿದರಿಗೆ ಸಿಗುವ ಅನುದಾನವೆಂದರೆ ಸಾಮಾನ್ಯವಾಗಿ ಅರ್ಜಿ, ಆಯ್ಕೆ ಸಮಿತಿ, ಕಂತುಗಳಲ್ಲಿ ಹಣ ಮತ್ತು ಕೊನೆಗೆ ಲೆಕ್ಕಪತ್ರ. ಸಮುದ್ರದ ವಿಷಯದಲ್ಲಿ ಹಣವೊಂದೇ ಸಾಲುವುದಿಲ್ಲ. ದೂರದ ಹವಳದ್ವೀಪವನ್ನು ತಲುಪಲು ಹಡಗು ಬೇಕು. ಸಮುದ್ರತಳದ ಚಿತ್ರಗಳು ಸಂಶೋಧನಾ ಸಂಸ್ಥೆಗಳ ಬಳಿ ಮಾತ್ರ ಇರುತ್ತವೆ. ಅಂತರರಾಷ್ಟ್ರೀಯ ಸಭೆಗಳ ಒಳಗೆ ಕ್ಯಾಮೆರಾ ಒಯ್ಯಲು ಅನುಮತಿ ಬೇಕು. ಅಕಾಡೆಮಿಯ ನೆರವು ರೂಪುಗೊಂಡದ್ದು ಈ ಅಗತ್ಯಗಳ ಸುತ್ತ. ಪ್ರಯಾಣದ ವೆಚ್ಚ, ತಜ್ಞರ ಒಡನಾಟ ಮತ್ತು ಕೃತಿಯ ನಿರ್ಮಾಣ ವೆಚ್ಚಗಳು ಇದರಲ್ಲಿ ಸೇರುತ್ತವೆ. ಪ್ರಯಾಣ ಮುಗಿದೊಡನೆ ಕೃತಿಯೊಂದನ್ನು ಒಪ್ಪಿಸಬೇಕೆಂಬ ಒತ್ತಾಯಕ್ಕಿಂತ ದೀರ್ಘಕಾಲದ ಸಂಶೋಧನೆಗೆ ಇಲ್ಲಿ ಹೆಚ್ಚಿನ ಮಹತ್ವವಿದೆ.

ದೊಡ್ಡ ಸಮುದ್ರಯಾನಗಳಲ್ಲಿ ಜೊತೆಗೆ ಹೋಗುವವರನ್ನು ಬಹುಮಟ್ಟಿಗೆ ಯಾನದ ನೇತೃತ್ವ ವಹಿಸಿದ ಕ್ಯುರೇಟರ್‌ಗಳೇ ಆಹ್ವಾನಿಸಿದ್ದಾರೆ. ಮುಂದೆ ವೆನಿಸ್‌ನಲ್ಲಿ ಆರಂಭವಾದ ಓಷನ್ ಫೆಲೋಶಿಪ್ ಯುವ ಕಲಾವಿದರಿಂದಲೂ ಸಂಶೋಧಕರಿಂದಲೂ ಬಹಿರಂಗವಾಗಿ ಅರ್ಜಿ ಆಹ್ವಾನಿಸಿತು. ಕಲಾಜಗತ್ತಿನಲ್ಲಿ ಪರಿಚಯವಿಲ್ಲದವರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಹೂತಿಟ್ಟ ಪ್ರದರ್ಶನ

ಆರಂಭದ ಯೋಜನೆಗಳಲ್ಲಿ ವಿಚಿತ್ರವಾದದ್ದು 2014ರ 'ಟ್ರೆಷರ್ ಆಫ್ ಲೀಮಾ'. ಇದನ್ನು ರೂಪಿಸಿದವರು ಕ್ಯುರೇಟರ್ ನದೀಮ್ ಸಮ್ಮಾನ್. ಪೆಸಿಫಿಕ್ ಸಾಗರದಲ್ಲಿ ಕೋಸ್ಟರಿಕಾ ತೀರದಿಂದ ಸುಮಾರು 550 ಕಿ.ಮೀ. ದೂರದಲ್ಲಿರುವ ಕೋಕೋಸ್ ದ್ವೀಪದಲ್ಲಿ ಕಡಲ್ಗಳ್ಳರ ನಿಧಿ ಹೂತಿದೆ ಎಂಬ ಹಳೆಯ ಕಥೆಯಿದೆ. ಯುನೆಸ್ಕೋ ವಿಶ್ವ ಪರಂಪರೆಯ ತಾಣವಾದ ಈ ದ್ವೀಪದ ಸುತ್ತಲಿನ ಜಲಪ್ರದೇಶ ಶಾರ್ಕ್‌ಗಳಿಗೆ ಹೆಸರಾಗಿದೆ. ಮರೀನಾ ಅಬ್ರಮೊವಿಚ್, ಎಡ್ ರುಶೆ ಸೇರಿದಂತೆ ಸುಮಾರು 40 ಕಲಾವಿದರ ಕೃತಿಗಳನ್ನು ಪೆಟ್ಟಿಗೆಯೊಂದರಲ್ಲಿ ಭದ್ರಪಡಿಸಿ ದ್ವೀಪದ ಗುಪ್ತ ಸ್ಥಳವೊಂದರಲ್ಲಿ ಹೂಳಲಾಯಿತು. ಆ ಸ್ಥಳದ ವಿವರವನ್ನು ಗೂಢಲಿಪಿಗೆ ಪರಿವರ್ತಿಸಿ, ಅದನ್ನು ಬಿಡಿಸುವ ಕೀಲಿಯಿಲ್ಲದ ನಕ್ಷೆಯನ್ನು ಮಾತ್ರ ಹರಾಜಿಗಿಟ್ಟು, ಬಂದ ಹಣವನ್ನು ಸಾಗರ ಸಂರಕ್ಷಣೆಗೆ ಬಳಸುವುದು ಯೋಜನೆಯಾಗಿತ್ತು. ಯಾರೂ ನೋಡಲಾಗದ ಪ್ರದರ್ಶನದ ಹೆಸರಿನಲ್ಲಿ ಮೀನುಗಳಿಗೆ ಹಣ ಕೂಡಿಸುವ ಈ ಉಪಾಯದಲ್ಲಿ ಚಮತ್ಕಾರವಿತ್ತು. ಅಕಾಡೆಮಿಯ ಮುಂದಿನ ಕಾರ್ಯಕ್ರಮಗಳು ಈ ದಾರಿಯಲ್ಲಿ ಸಾಗಲಿಲ್ಲ.

ದಿ ಕರೆಂಟ್

ಅಕಾಡೆಮಿಯ ಪ್ರಮುಖ ಫೆಲೋಶಿಪ್ 'ದಿ ಕರೆಂಟ್' 2015ರಲ್ಲಿ ಆರಂಭವಾಯಿತು. ಸಾಗರಪ್ರವಾಹ ಎಂಬ ಅರ್ಥದ ಈ ಯೋಜನೆಯಲ್ಲಿ ಪ್ರತಿ ಆವೃತ್ತಿಯೂ ಸುಮಾರು ಮೂರು ವರ್ಷ ನಡೆಯುತ್ತದೆ. ಮೊದಲ ಆವೃತ್ತಿಯ ನೇತೃತ್ವವನ್ನು ಉಟೆ ಮೆಟಾ ಬಾವರ್, ಸೀಸರ್ ಗಾರ್ಸಿಯಾ ಮತ್ತು ಡೇಮಿಯನ್ ಕ್ರಿಸ್ಟಿಂಗರ್ ವಹಿಸಿದ್ದರು.

ಬಾವರ್ ಅವರ ತಂಡ ಪಪುವಾ ನ್ಯೂಗಿನಿ, ಫ್ರೆಂಚ್ ಪಾಲಿನೇಷ್ಯಾ ಮತ್ತು ಫಿಜಿ ದ್ವೀಪಗಳಿಗೆ ಹೋಯಿತು. ಫ್ರೆಂಚ್ ಪಾಲಿನೇಷ್ಯಾದಲ್ಲಿ ಫ್ರಾನ್ಸ್ 1966ರಿಂದ 1996ರವರೆಗೆ 193 ಅಣುಸ್ಫೋಟ ಪರೀಕ್ಷೆಗಳನ್ನು ನಡೆಸಿತ್ತು. ನಿರ್ದಿಷ್ಟ ಕಾಲದಲ್ಲಿ ನಿರ್ದಿಷ್ಟ ಜಲಪ್ರದೇಶದಲ್ಲಿ ಮೀನುಗಾರಿಕೆಯನ್ನು ನಿಷೇಧಿಸುವ 'ರಾಹುಯಿ' ಎಂಬ ಸಾಂಪ್ರದಾಯಿಕ ಕಟ್ಟಳೆಯೂ ಅಲ್ಲಿದೆ. ಹೊರಗಿನವರು ಸಮುದ್ರವನ್ನು ಖಾಲಿ ಜಾಗವೆಂದು ಬಗೆದದ್ದಕ್ಕೂ ಸ್ಥಳೀಯರು ಅದನ್ನು ಕಟ್ಟಳೆಗಳಿಂದ ಕಾಪಾಡಿಕೊಂಡದ್ದಕ್ಕೂ ಇರುವ ಅಂತರ ಯಾನಿಗಳ ಕೃತಿಗಳಿಗೆ ವಸ್ತುವಾಯಿತು. ಇವುಗಳ ಪ್ರದರ್ಶನ 'ದಿ ಓಷಿಯಾನಿಕ್' ಎಂಬ ಹೆಸರಿನಲ್ಲಿ 2017–18ರಲ್ಲಿ ಸಿಂಗಾಪುರದಲ್ಲಿ ನಡೆಯಿತು. ಅದೇ 2017ರಲ್ಲಿ ವಿಯೆನ್ನಾದಲ್ಲಿ ನಡೆದ 'ಟೈಡಲೆಕ್ಟಿಕ್ಸ್' ಪ್ರದರ್ಶನದ ಹೆಸರು ಬಾರ್ಬಡೋಸ್‌ನ ಕವಿ ಕಮಾವು ಬ್ರಾತ್‌ವೇಟ್ ಅವರು ರೂಪಿಸಿದ ಪದ. ಸರಳರೇಖೆಯಲ್ಲಿ ಮುನ್ನಡೆಯುವ ವಾದಕ್ಕೆ ಬದಲಾಗಿ ಉಬ್ಬರವಿಳಿತದಂತೆ ಹೋಗಿ ಮರಳುವ ಚಿಂತನಕ್ರಮವನ್ನು ಅದು ಸೂಚಿಸುತ್ತದೆ.

ಎರಡನೆಯ ಆವೃತ್ತಿಯನ್ನು ಚೂಸ್ ಮಾರ್ಟಿನೆಸ್ ಹಾಗೂ ಡೆನ್ಮಾರ್ಕ್‌ನ ಸೂಪರ್‌ಫ್ಲೆಕ್ಸ್ ಕಲಾತಂಡ ಮುನ್ನಡೆಸಿದವು. ಸೂಪರ್‌ಫ್ಲೆಕ್ಸ್ 2019ರಲ್ಲಿ ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿ 'ಡೈವ್-ಇನ್' ಎಂಬ ಗುಲಾಬಿ ಬಣ್ಣದ ರಚನೆಯನ್ನು ನಿಲ್ಲಿಸಿತು. ಒಂದು ಕಾಲದಲ್ಲಿ ನೀರಿನಡಿ ಇದ್ದ ಆ ಕಣಿವೆ ಮುಂದೊಮ್ಮೆ ಮತ್ತೆ ಮುಳುಗಿದರೆ ಮೀನುಗಳಿಗೂ ಒಪ್ಪುವಂತೆ ಅದನ್ನು ವಿನ್ಯಾಸಗೊಳಿಸಲಾಗಿತ್ತು. ಮೂರನೆಯ ಆವೃತ್ತಿ ಬಾರ್ಬರಾ ಕಾಸವೆಕಿಯಾ ಅವರ ನೇತೃತ್ವದಲ್ಲಿ ಮೆಡಿಟರೇನಿಯನ್ ಸಮುದ್ರವನ್ನೂ, ನಾಲ್ಕನೆಯದು ಡೊಮಿನಿಕನ್ ಗಣರಾಜ್ಯದ ಯಿನಾ ಹಿಮೆನೆಸ್ ಸುರಿಯೆಲ್ ಅವರ ನೇತೃತ್ವದಲ್ಲಿ ಕೆರಿಬಿಯನ್ ಪ್ರದೇಶವನ್ನೂ ಆಯ್ದುಕೊಂಡವು.

ಆಳಸಮುದ್ರ ಗಣಿಗಾರಿಕೆ ಮತ್ತು ಕಲಾಕೃತಿಗಳು

ಸಾಗರತಳದಲ್ಲಿ ಮ್ಯಾಂಗನೀಸ್, ನಿಕ್ಕಲ್, ತಾಮ್ರ, ಕೋಬಾಲ್ಟ್ ಮುಂತಾದ ಲೋಹಗಳನ್ನೊಳಗೊಂಡ ಗಂಟುಗಳೂ ಅದಿರಿನ ನಿಕ್ಷೇಪಗಳೂ ಇವೆ. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಡಂಬಡಿಕೆಯ ಪ್ರಕಾರ, ಯಾವ ದೇಶದ ವ್ಯಾಪ್ತಿಗೂ ಸೇರದ ಸಾಗರತಳ ಮನುಕುಲದ ಸಮಾನ ಪರಂಪರೆ. ಅಲ್ಲಿ ಖನಿಜ ಅನ್ವೇಷಣೆಗೆ ಅನುಮತಿ ನೀಡುವುದು 1994ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಸಾಗರತಳ ಪ್ರಾಧಿಕಾರ. ಅದರ ಕೇಂದ್ರ ಕಚೇರಿ ಜಮೈಕಾದ ಕಿಂಗ್‌ಸ್ಟನ್‌ನಲ್ಲಿದೆ. ಭಾರತವೂ ಈ ಪ್ರಾಧಿಕಾರದೊಡನೆ 2002ರಲ್ಲಿ ಒಪ್ಪಂದ ಮಾಡಿಕೊಂಡು, ಮಧ್ಯ ಹಿಂದೂ ಮಹಾಸಾಗರದ 75,000 ಚದರ ಕಿ.ಮೀ. ಪ್ರದೇಶದಲ್ಲಿ ಅನ್ವೇಷಣೆಯ ಹಕ್ಕು ಪಡೆದಿದೆ. ಆದುದರಿಂದ ಈ ವಿವಾದ ಭಾರತೀಯ ಓದುಗರಿಗೆ ದೂರದ್ದಲ್ಲ.

ಈ ವ್ಯವಸ್ಥೆ ಹೇಗೆ ನಡೆಯುತ್ತದೆ ಎಂಬುದನ್ನು ತೋರಿಸಿದ ಕೃತಿ ಆರ್ಮಿನ್ ಲಿಂಕೆ ಅವರ 'ಪ್ರಾಸ್ಪೆಕ್ಟಿಂಗ್ ಓಷನ್'. ಛಾಯಾಗ್ರಾಹಕರೂ ಚಲನಚಿತ್ರಕಾರರೂ ಆದ ಲಿಂಕೆ ಅಕಾಡೆಮಿಯ ನೆರವಿನಿಂದ ಹಲವು ವರ್ಷ ಈ ವಿಷಯವನ್ನು ಬೆನ್ನುಹತ್ತಿದರು. ಕಿಂಗ್‌ಸ್ಟನ್‌ನ ಪ್ರಾಧಿಕಾರದ ಸಭೆಗಳು, ಪ್ರಯೋಗಾಲಯಗಳು, ಯಂತ್ರಗಳು ಸೆರೆಹಿಡಿದ ಸಾಗರತಳದ ದೃಶ್ಯಗಳು, ಪಪುವಾ ನ್ಯೂಗಿನಿಯಲ್ಲಿ ಗಣಿಗಾರಿಕೆಯನ್ನು ವಿರೋಧಿಸಿದವರ ಮಾತುಗಳು ಇದರಲ್ಲಿ ಒಟ್ಟಿಗೆ ಬರುತ್ತವೆ. ಪಪುವಾ ನ್ಯೂಗಿನಿಯ ಬಿಸ್ಮಾರ್ಕ್ ಸಮುದ್ರದಲ್ಲಿ ಸೋಲ್ವಾರಾ 1 ಎಂಬ ಯೋಜನೆಗೆ ನಾಟಿಲಸ್ ಮಿನರಲ್ಸ್ ಕಂಪನಿ 2011ರಲ್ಲಿ ಗಣಿ ಪರವಾನಗಿ ಪಡೆದಿತ್ತು. ಸೋಲ್ವಾರಾ ಎಂದರೆ ಅಲ್ಲಿನ ಟೋಕ್ ಪಿಸಿನ್ ಭಾಷೆಯಲ್ಲಿ ಉಪ್ಪುನೀರು. ಗಣಿಗಾರಿಕೆ ಆರಂಭವಾಗುವ ಮೊದಲೇ, 2019ರಲ್ಲಿ ಕಂಪನಿ ದಿವಾಳಿಯಾಯಿತು. ಲಿಂಕೆ ಅವರ ಕೃತಿ 2018ರಲ್ಲಿ ವೆನಿಸ್‌ನ ಸಮುದ್ರ ವಿಜ್ಞಾನ ಸಂಸ್ಥೆಯ ಹಳೆಯ ಕಟ್ಟಡದಲ್ಲಿ ಪ್ರದರ್ಶನಗೊಂಡಿತು. ಇದರ ಕ್ಯುರೇಟರ್ ಸ್ಟೆಫನಿ ಹೆಸ್ಲರ್ ಅದೇ ಹೆಸರಿನ ಗ್ರಂಥವನ್ನೂ ರಚಿಸಿದ್ದಾರೆ. ಗಣಿ ನಡೆಯುವ ಸ್ಥಳ ಯಾರ ಕಣ್ಣಿಗೂ ಬೀಳದಿದ್ದಾಗ, ನಿರ್ಧಾರ ಕೈಗೊಳ್ಳುವ ಕೊಠಡಿಗಳನ್ನು ತೋರಿಸುವುದೇ ಸಾಕ್ಷ್ಯವಾಗುತ್ತದೆ ಎಂಬುದು ಈ ಕೃತಿಯ ಬಲ.

ಇದೇ ವಿಷಯವನ್ನು ಪೆಸಿಫಿಕ್ ಮೂಲದ ಕಲಾವಿದರು ಬೇರೆ ರೀತಿಯಲ್ಲಿ ಎತ್ತಿಕೊಂಡರು. ಬೂಗನ್‌ವಿಲ್ ದ್ವೀಪದ ಟಲೋಯಿ ಹಾವಿನಿ 2021ರಲ್ಲಿ 'ಆನ್ಸರ್ ಟು ದಿ ಕಾಲ್' ಎಂಬ ಧ್ವನಿ ಕೃತಿಯನ್ನು ರಚಿಸಿದರು. ಸಾಗರತಳದ ನಕ್ಷೆ ತಯಾರಿಸುವ ಸೋನಾರ್ ತರಂಗಗಳೂ ತಮ್ಮ ನಾಡಿನ ಸಂಗೀತವೂ ಅದರಲ್ಲಿ ಎದುರುಬದುರಾಗುತ್ತವೆ. 2024ರಲ್ಲಿ ಹಾವಿನಿ ಅವರೇ ಕ್ಯುರೇಟರ್ ಆಗಿ ರೂಪಿಸಿದ ಪ್ರದರ್ಶನದಲ್ಲಿ ಟೋಂಗಾ ಮೂಲದ ಲಟಾಯಿ ಟೌಮೋಪೆಯಾವು ಹಾಗೂ ಮಾವೋರಿ ಕಲಾವಿದೆ ಎಲಿಸಪೆಟಾ ಹಿನೆಮೋವಾ ಹೆಟಾ ಭಾಗವಹಿಸಿದ್ದರು. ಟೌಮೋಪೆಯಾವು ಅವರ ಕೃತಿಯಲ್ಲಿ ಪ್ರೇಕ್ಷಕರು ಹುಟ್ಟುಹಾಕುವ ಯಂತ್ರಗಳ ಮೇಲೆ ಕುಳಿತು ಶ್ರಮಿಸಿದರೆ ಮಾತ್ರ ಗಾಯನ ಕೇಳಿಬರುತ್ತಿತ್ತು. ಹತ್ತು ವರ್ಷಗಳ ಹಿಂದೆ ಯುರೋಪಿನ ಹಡಗು ಭೇಟಿ ನೀಡುವ ತಾಣವಾಗಿದ್ದ ಪ್ರದೇಶದ ಕಲಾವಿದರು ಈಗ ಯಾರನ್ನು ಕರೆಯಬೇಕೆಂದು ನಿರ್ಧರಿಸುವ ಸ್ಥಾನದಲ್ಲಿದ್ದರು.

ಓಷನ್ ಸ್ಪೇಸ್

ವೆನಿಸ್‌ನ ಕಾಸ್ತೆಲ್ಲೊ ಭಾಗದಲ್ಲಿರುವ ಸಾನ್ ಲೊರೆಂಜೊ ಚರ್ಚನ್ನು ದುರಸ್ತಿಗೊಳಿಸಿ 2019ರ ಮಾರ್ಚ್‌ನಲ್ಲಿ ಓಷನ್ ಸ್ಪೇಸ್ ಎಂಬ ಹೆಸರಿನಲ್ಲಿ ತೆರೆಯಲಾಯಿತು. ಪ್ರವಾಸಿ ಮಾರ್ಕೊ ಪೋಲೊನನ್ನು ಇಲ್ಲಿಯೇ ಸಮಾಧಿ ಮಾಡಲಾಯಿತು ಎಂಬ ಪ್ರತೀತಿಯಿದೆ. ಸಂಗೀತ ಸಂಯೋಜಕ ಲುಯಿಜಿ ನೋನೊ ಅವರ 'ಪ್ರೊಮೆಟೆಯೊ' 1984ರಲ್ಲಿ ಮೊದಲ ಬಾರಿಗೆ ಇಲ್ಲಿ ಪ್ರಸ್ತುತಗೊಂಡಿತ್ತು. ಅದಕ್ಕಾಗಿ ವಾಸ್ತುಶಿಲ್ಪಿ ರೆಂಜೊ ಪಿಯಾನೊ ಚರ್ಚಿನೊಳಗೆ ಮರದ ಬೃಹತ್ ರಚನೆಯನ್ನು ನಿರ್ಮಿಸಿದ್ದರು.

ಉದ್ಘಾಟನಾ ಪ್ರದರ್ಶನ ಅಮೆರಿಕದ ಹಿರಿಯ ಕಲಾವಿದೆ ಜೋನ್ ಜೋನಾಸ್ ಅವರ 'ಮೂವಿಂಗ್ ಆಫ್ ದಿ ಲ್ಯಾಂಡ್ 2'. ಈ ಕೃತಿಯ ಮೊದಲ ರೂಪವನ್ನು ಜೋನಾಸ್ ಅಕಾಡೆಮಿಯ ನೆರವಿನಿಂದ 2016ರಲ್ಲಿ ಕೇರಳದ ಕೊಚ್ಚಿಯಲ್ಲಿ ಉಪನ್ಯಾಸ-ಪ್ರದರ್ಶನವಾಗಿ ಪ್ರಸ್ತುತಪಡಿಸಿದ್ದರು. ನೀರಿನಾಳದಲ್ಲಿ ಮಿನುಗುವ ಜೀವಿಗಳ ದೃಶ್ಯಗಳನ್ನು ಒದಗಿಸಿದವರು ಸಮುದ್ರ ಜೀವವಿಜ್ಞಾನಿ ಡೇವಿಡ್ ಗ್ರೂಬರ್.

ಕೇಂದ್ರ ತೆರೆದ ವರ್ಷವೇ, 2019ರ ನವೆಂಬರ್ 12ರಂದು, ವೆನಿಸ್‌ನಲ್ಲಿ ಉಬ್ಬರದ ನೀರು 187 ಸೆಂ.ಮೀ. ಮಟ್ಟಕ್ಕೇರಿ ನಗರದ ಬಹುಭಾಗ ಜಲಾವೃತವಾಯಿತು. 1966ರ ಬಳಿಕ ಅಷ್ಟು ಎತ್ತರದ ನೀರು ಬಂದಿರಲಿಲ್ಲ. ಮರುವರ್ಷ ಕೋವಿಡ್ ಕಾರಣದಿಂದ ತಡವಾಗಿ ತೆರೆದ 'ಓಷನ್ಸ್ ಇನ್ ಟ್ರಾನ್ಸ್‌ಫರ್ಮೇಶನ್' ಪ್ರದರ್ಶನದಲ್ಲಿ ಟೆರಿಟೋರಿಯಲ್ ಏಜೆನ್ಸಿ ಎಂಬ ತಂಡ ಸಾಗರದ ಬದಲಾವಣೆಗಳನ್ನು ಉಪಗ್ರಹ ಮಾಹಿತಿ ಮತ್ತು ವೈಜ್ಞಾನಿಕ ದತ್ತಾಂಶಗಳ ಬೃಹತ್ ನಕ್ಷೆಗಳಾಗಿ ತೋರಿಸಿತು.

ಜಮೈಕಾದ ಕಾರ್ಯ

ಜಮೈಕಾದ ಪೋರ್ಟ್‌ಲ್ಯಾಂಡ್ ಪ್ರಾಂತ್ಯದಲ್ಲಿ ಅಲಿಗೇಟರ್ ಹೆಡ್ ಫೌಂಡೇಶನ್ ಎಂಬ ಸಂರಕ್ಷಣಾ ಸಂಸ್ಥೆಯ ಸ್ಥಾಪನೆಯಲ್ಲಿ ಟಿಬಿಎ21 ಪಾಲುದಾರನಾಗಿತ್ತು. ಈ ಸಂಸ್ಥೆ ಈಸ್ಟ್ ಪೋರ್ಟ್‌ಲ್ಯಾಂಡ್ ಮೀನು ಅಭಯಧಾಮವನ್ನು ನೋಡಿಕೊಳ್ಳುತ್ತದೆ. ಸ್ವಿಟ್ಜರ್ಲೆಂಡ್‌ನ ಕಲಾವಿದೆ ಕ್ಲಾಡಿಯಾ ಕೋಮ್ಟ್ ಇಲ್ಲಿ ತಂಗಿ ಕೆಲಸ ಮಾಡಿ ಕಳ್ಳಿ ಗಿಡದ ಆಕಾರದ ಶಿಲ್ಪಗಳನ್ನು ನೀರಿನಡಿ ಸ್ಥಾಪಿಸಿದರು. ಅಭಯಧಾಮವೆಂದರೆ ಸ್ಥಳೀಯ ಬೆಸ್ತರಿಗೆ ಬಲೆ ಬೀಸಲಾಗದ ನೀರು. ಹಾಗಾಗಿ ಇಂತಹ ಕಡೆ ಬೆಸ್ತರ ಒಪ್ಪಿಗೆಯಿಲ್ಲದೆ ಸಂರಕ್ಷಣೆಯಾಗಲಿ ಕಲೆಯಾಗಲಿ ನೆಲೆಯೂರುವುದು ಕಷ್ಟ.

ಇದೇ ಬಗೆಯ ಇತರ ಯೋಜನೆಗಳು

ಎರಿಕ್ ಮತ್ತು ವೆಂಡಿ ಶ್ಮಿಟ್ ದಂಪತಿ 2009ರಲ್ಲಿ ಸ್ಥಾಪಿಸಿದ ಶ್ಮಿಟ್ ಓಷನ್ ಇನ್‌ಸ್ಟಿಟ್ಯೂಟ್ 2015ರಿಂದ 'ಆರ್ಟಿಸ್ಟ್-ಅಟ್-ಸೀ' ಯೋಜನೆಯನ್ನು ನಡೆಸುತ್ತಿದೆ. ಇದರಲ್ಲಿ ಕಲಾವಿದರು ಸಂಶೋಧನಾ ಹಡಗಿನಲ್ಲಿ ವಿಜ್ಞಾನಿಗಳೊಡನೆ ಪ್ರಯಾಣಿಸಿ ಕೃತಿ ರಚಿಸುತ್ತಾರೆ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವು ಕಲಾವಿದರನ್ನೂ ಲೇಖಕರನ್ನೂ ಅಂಟಾರ್ಕ್ಟಿಕಾಕ್ಕೆ ಕಳುಹಿಸಿದ ಯೋಜನೆಯಲ್ಲಿ ನಗದು ಧನಸಹಾಯವಿರದೆ ಪ್ರಯಾಣ, ವಸತಿ ಮತ್ತು ಚಳಿಯ ಉಡುಪಿನ ವ್ಯವಸ್ಥೆ ಇತ್ತು. ವರ್ನರ್ ಹೆರ್ಜಾಗ್ ಅವರ 2007ರ ಸಾಕ್ಷ್ಯಚಿತ್ರ 'ಎನ್‌ಕೌಂಟರ್ಸ್ ಅಟ್ ದಿ ಎಂಡ್ ಆಫ್ ದಿ ವರ್ಲ್ಡ್' ಅದರ ನೆರವಿನಿಂದ ಚಿತ್ರಿತವಾಯಿತು. ಬೆಂಗಳೂರಿನಲ್ಲಿ 1993ರಲ್ಲಿ ಸ್ಥಾಪನೆಯಾದ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಸಮುದ್ರಕ್ಕೆಂದೇ ಮೀಸಲಾದ ಸಂಸ್ಥೆಯಲ್ಲ. ಅದು ಕಲಾ ಸಂಶೋಧನೆ ಮತ್ತು ಕಲಾಭ್ಯಾಸಕ್ಕೆ ಅನುದಾನ ನೀಡುತ್ತದೆ. ಯೋಜನೆಯ ವಸ್ತುವನ್ನು ಅರ್ಜಿದಾರರೇ ಆಯ್ದುಕೊಳ್ಳುತ್ತಾರೆ. ಟಿಬಿಎ21–ಅಕಾಡೆಮಿಯ ಯಾನ, ಉಪನ್ಯಾಸ ಮತ್ತು ಕೃತಿಗಳ ದಾಖಲೆಗಳು ಓಷನ್-ಆರ್ಕೈವ್ ಎಂಬ ಅಂತರಜಾಲ ಸಂಗ್ರಹದಲ್ಲಿ ಉಚಿತವಾಗಿ ಲಭ್ಯವಿವೆ.