ಮಲಗುವ ಜಾಗ ಎಲ್ಲಿ?

ಟೈಟಾನಿಕ್ ಹಡಗಿನ ಉದ್ದ 269 ಮೀಟರ್. 1:200 ಸ್ಕೇಲ್‌ಗೆ ಇಳಿಸಿದರೆ 134.5 ಸೆಂಟಿಮೀಟರ್. ಕಿಟ್ ಆರ್ಡರ್ ಮಾಡುವ ಮೊದಲೇ ಈ ಭಾಗಾಕಾರ ಮಾಡಿದ್ದೆ. ಆದರೆ ಸುಮಾರು ನಾಲ್ಕೂವರೆ ಅಡಿಯ ಹಡಗು ಅಂದರೆ ಎಂತದು ಅಂತ ತಲೆಗೆ ಹೋದದ್ದು ಡಬ್ಬ ಬೆಂಗಳೂರಿನ ನನ್ನ ಬಾಡಿಗೆ ಮನೆಯ ಬಾಗಿಲಿಗೆ ಬಂದು ನಿಂತಾಗ. ಮಂಚ ತೆಗೆದರೆ ಹಡಗು, ಹಡಗು ಬೇಡ ಅಂದರೆ ಮಂಚ. ವರ್ಕ್ ಫ್ರಮ್ ಹೋಮ್ ಇನ್ನೂ ನಡೆಯುತ್ತಿದ್ದ ಸಮಯ. ಡಬ್ಬವನ್ನು ಕಾರಿಗೆ ಹಾಕಿ, ಶಿರಾಡಿ ಘಾಟಿ ಇಳಿದು, ಕಡಬದ ಹತ್ತಿರದ ನಮ್ಮ ಮನೆಗೆ ತಂದೆ. ಚಾವಡಿಯ ಒಂದು ಬದಿಯಲ್ಲಿ ಎರಡು ಬೆಂಚು ಜೋಡಿಸಿ ಅದರ ಮೇಲೆ ಪ್ಲೈವುಡ್ ಹಾಕಿ ಶಿಪ್‌ಯಾರ್ಡ್ ಶುರುಮಾಡಿದೆ. ಕಿಟ್‌ನ ಬೆಲೆ ಕೇಳಿ ಅಮ್ಮ ಹೇಳಿದ್ದು ಒಂದೇ ಮಾತು: "ಅದಕ್ಕೆ ಒಂದು ಕರು ಬರ್ತಿತ್ತು."

ಮಾಡೆಲ್ ಕಿಟ್ ಕಟ್ಟುವುದು ಅಂದರೆ ಅಂಟಿಸುವುದು ಅಂತ ಹೆಚ್ಚಿನವರು ತಿಳಿದಿದ್ದಾರೆ. ಅಂಟಿಸುವುದು ಕಡಿಮೆ, ಉಜ್ಜುವುದು ಜಾಸ್ತಿ. ಪ್ಲಾಸ್ಟಿಕ್ ಭಾಗಗಳನ್ನು ಚೌಕಟ್ಟಿನಿಂದ ಕತ್ತರಿಸಬೇಕು, ಗಂಟು ಉಳಿದ ಕಡೆ ಅರ ಹಾಕಬೇಕು, ಸಂದಿಗೆ ಪುಟ್ಟಿ ತುಂಬಿ ನೀರುಕಾಗದದಲ್ಲಿ ಉಜ್ಜಬೇಕು. ರೇಲಿಂಗ್, ಏಣಿ, ಬೆಂಚಿನ ಕಾಲು ಇವೆಲ್ಲ ಕೂದಲಿನಷ್ಟು ತೆಳ್ಳಗೆ ಕೊರೆದ ಹಿತ್ತಾಳೆ ತಗಡಿನಲ್ಲಿ ಬರುತ್ತವೆ. ಬ್ಲೇಡಿನಲ್ಲಿ ಬಿಡಿಸಿ, ಚಿಮಟದಲ್ಲಿ ಹಿಡಿದು, ಸೂಜಿಯ ಮೊನೆಯಲ್ಲಿ ಅಂಟು ಮುಟ್ಟಿಸಿ ಕೂರಿಸಬೇಕು. ಒಮ್ಮೆ ಸೀನಿದರೆ ಎರಡನೇ ಕ್ಲಾಸಿನ ರೇಲಿಂಗ್ ಅಡಿಕೆ ಗೋಣಿಯ ಸಂದಿಯಲ್ಲಿ ಮಾಯ.

ನಾನು ಮಾಡಿದ ದೊಡ್ಡ ತಪ್ಪು ಜೂನ್ ತಿಂಗಳಲ್ಲಿ ಬಣ್ಣ ಹೊಡೆದದ್ದು. ನಮ್ಮ ಕಡೆಯ ಮಳೆ ಗೊತ್ತಲ್ಲ, ಗೋಡೆಯೂ ಬೆವರುತ್ತದೆ. ಲ್ಯಾಕರ್ ಬಣ್ಣವನ್ನು ಏರ್‌ಬ್ರಷ್‌ನಲ್ಲಿ ಸಿಂಪಡಿಸಿದ ಹತ್ತೇ ನಿಮಿಷಕ್ಕೆ ಹಡಗಿನ ಕಪ್ಪು ಮೈಯಲ್ಲಿ ಬೂದಿ ಬಳಿದ ಹಾಗೆ ಬಿಳುಪು ಕಟ್ಟಿತು. ಗಾಳಿಯ ತೇವ ಬಣ್ಣದೊಳಗೆ ಸಿಕ್ಕಿಹಾಕಿಕೊಂಡರೆ ಹೀಗಾಗುತ್ತದೆ. ಅಜ್ಜ ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು. "ಮಳೆ ಬಿಟ್ಟು ಬಿಸಿಲು ಕಾಣದೆ ಮದ್ದು ಬಿಡ್ತಾರಾ ಮಾರಾಯ?" ಅಂದರು. ಅಡಿಕೆಗೆ ಮೈಲುತುತ್ತು ಸುಣ್ಣದ ಮದ್ದು ಬಿಡುವವರಿಗೆ ಈ ವಿದ್ಯೆ ನನಗಿಂತ ಚೆನ್ನಾಗಿ ಗೊತ್ತು. ಎಲ್ಲ ಉಜ್ಜಿ ತೆಗೆದು ಮತ್ತೆ ಹೊಡೆಯಲು ಸೆಪ್ಟೆಂಬರ್‌ವರೆಗೆ ಕಾದೆ.

ಕೈಯಲ್ಲಿ ಕಟ್ಟುವಾಗ ಸಿನಿಮಾದಲ್ಲಿ ಕಾಣದ್ದು ಕಾಣುತ್ತದೆ. ಉದಾಹರಣೆಗೆ, ಟೈಟಾನಿಕ್‌ನ ನಾಲ್ಕು ಚಿಮಣಿಗಳಲ್ಲಿ ಬಾಯ್ಲರಿನ ಹೊಗೆ ಬರುತ್ತಿದ್ದದ್ದು ಮೂರರಲ್ಲಿ ಮಾತ್ರ. ನಾಲ್ಕನೆಯದು ಮುಖ್ಯವಾಗಿ ಗಾಳಿಯಾಡಲು ಮತ್ತು ಅಡುಗೆಮನೆಯ ಹೊಗೆಗೆ, ಜೊತೆಗೆ ನೋಟಕ್ಕೆ. ಹಾಗಾಗಿ ಮಸಿ ಹಚ್ಚುವಾಗ ಮೂರಕ್ಕೆ ಹಚ್ಚಿ ನಾಲ್ಕನೆಯದನ್ನು ಸ್ವಚ್ಛ ಬಿಡಬೇಕು.

ಮತ್ತೆ ದೋಣಿಗಳು. ಕಿಟ್‌ನ ಸೂಚನೆ ಪುಸ್ತಕ ನೋಡಿಕೊಂಡು ಒಂದೊಂದೇ ಲೈಫ್‌ಬೋಟ್ ಕೂರಿಸುತ್ತಾ ಹೋದೆ. 65 ಜನರ 14 ದೋಣಿ, 40 ಜನರ ಎರಡು, 47 ಜನರ ಮಡಚುವ ದೋಣಿ ನಾಲ್ಕು. ಒಟ್ಟು 20 ದೋಣಿ, 1,178 ಜನರಿಗೆ ಜಾಗ. ಆ ರಾತ್ರಿ ಹಡಗಿನಲ್ಲಿದ್ದವರು ಸುಮಾರು 2,200. ಇಷ್ಟು ಎಲ್ಲರಿಗೂ ಗೊತ್ತಿರುವ ವಿಷಯ. ಆದರೆ ದೋಣಿ ಕೂರಿಸಿ ಮುಗಿದ ಮೇಲೆ ಡೆಕ್ಕಿನ ನಡುಭಾಗದಲ್ಲಿ ಸುಮಾರು ಉದ್ದಕ್ಕೆ ಏನೂ ಇಲ್ಲ, ಖಾಲಿ. ಅಂಟಿಸುವುದು ಬಿಟ್ಟುಹೋಯಿತೇನೋ ಅಂತ ಪುಸ್ತಕ ಮತ್ತೆ ತಿರುವಿದೆ. ಬಿಟ್ಟುಹೋಗಿರಲಿಲ್ಲ. ದೋಣಿ ಇಳಿಸುವ ಡ್ಯಾವಿಟ್ ಎಂಬ ಕಬ್ಬಿಣದ ತೋಳುಗಳನ್ನು ಒಂದರ ಪಕ್ಕ ಇನ್ನೊಂದು ದೋಣಿ ಇಡಲು ಆಗುವ ಹಾಗೆಯೇ ವಿನ್ಯಾಸ ಮಾಡಿದ್ದರು. ಆ ಎರಡನೇ ಸಾಲು ಬರಲೇ ಇಲ್ಲ.

ಕಾನೂನು ಮುರಿದಿರಲಿಲ್ಲ. ಬ್ರಿಟಿಷರ ದೋಣಿ ನಿಯಮ 1894ರದ್ದು. ಅದರಲ್ಲಿ ಹಡಗಿನ ಟನ್ನೇಜ್‌ಗೆ ತಕ್ಕಂತೆ ದೋಣಿಯ ಲೆಕ್ಕದ ಒಂದು ಟೇಬಲ್ ಇತ್ತು. ಕೊನೆಯ ಸಾಲು "10,000 ಟನ್ ಮತ್ತು ಮೇಲ್ಪಟ್ಟು", ಅದಕ್ಕೆ 16 ದೋಣಿ. ಟೈಟಾನಿಕ್ 46,328 ಟನ್. ಕೋಡ್ ಬರೆಯುವ ನಮಗೆಲ್ಲ ಈ ಕಾಯಿಲೆಯ ಪರಿಚಯ ಉಂಟು. ಯಾವುದೋ ಕಾಲದಲ್ಲಿ ಯಾರೋ ಬರೆದ ಕೊನೆಯ ಎಲ್ಸ್‌ನೊಳಗೆ ಮುಂದೆ ಬರುವ ಎಲ್ಲವೂ ಹೋಗಿ ಬೀಳುತ್ತದೆ, ಟೆಸ್ಟ್ ಎಲ್ಲ ಪಾಸ್ ಆಗುತ್ತದೆ. ಟೈಟಾನಿಕ್‌ನಲ್ಲಿ ನಿಯಮಕ್ಕಿಂತ ನಾಲ್ಕು ದೋಣಿ ಜಾಸ್ತಿಯೇ ಇತ್ತು.

ಡಿಸೆಂಬರಿಗೆ ಹಡಗು ಒಂದು ಹಂತಕ್ಕೆ ಬಂತು. ಒಳಗೆ ಎಲ್‌ಇಡಿ ಹಾಕಿ ಕಿಟಕಿಗಳಿಗೆ ಬೆಳಕು ಕೊಟ್ಟೆ. ಸಂಜೆ ಚಾವಡಿಯ ಲೈಟು ಆರಿಸಿ ಸ್ವಿಚ್ ಒತ್ತಿದಾಗ ಪಕ್ಕದ ಮನೆ ಮಕ್ಕಳು ಕೂಗಿದ್ದು ಸುಬ್ರಹ್ಮಣ್ಯ ರೋಡ್ ಸ್ಟೇಷನ್ನಿಗೆ ಕೇಳಿರಬೇಕು. ಅಜ್ಜ ಮಾತ್ರ ಹತ್ತಿರ ಬಂದು, ಕನ್ನಡಕ ಸರಿಮಾಡಿಕೊಂಡು, ಮುಂದಿನಿಂದ ಹಿಂದಿನವರೆಗೆ ನಿಧಾನ ನೋಡಿ ಕೇಳಿದರು:

"ಇದರಲ್ಲಿ ನಾವು ಮಲಗುವ ಜಾಗ ಎಲ್ಲಿ?"

ಮೊದಲು ಅರ್ಥ ಆಗಲಿಲ್ಲ. ಥರ್ಡ್ ಕ್ಲಾಸ್ ತೋರಿಸಿದೆ. ಕೆಳಗಿನ ಡೆಕ್‌ಗಳಲ್ಲಿ, ಒಂಟಿ ಗಂಡಸರಿಗೆ ಮುಂಭಾಗ, ಸಂಸಾರಸ್ಥರಿಗೆ ಹಿಂಭಾಗ ಅಂದೆ. ಸುಮಾರು 700 ಜನಕ್ಕೆ ಎರಡೇ ಸ್ನಾನದ ತೊಟ್ಟಿ ಅಂತಲೂ ಹೇಳಿದೆ.

"ಮಂಚ ಇತ್ತಾ?"

"ಇತ್ತು ಅಜ್ಜ. ಒಂದರ ಮೇಲೊಂದು. ಊಟವೂ ಅವರೇ ಕೊಡ್ತಿದ್ದರು."

"ಹಾಗಾದ್ರೆ ಅದು ನಮ್ಮ ಕ್ಲಾಸ್ ಅಲ್ಲ" ಅಂದರು.

ಅಜ್ಜ ಹತ್ತು ವರ್ಷದ ಹುಡುಗನಾಗಿದ್ದಾಗ, 1938ರಲ್ಲಿ, ಸೋದರಮಾವನ ಜೊತೆ ಬೊಂಬಾಯಿಗೆ ಹೋದವರು, ಹೋಟೆಲಿನಲ್ಲಿ ಲೋಟ ತೊಳೆಯಲು. ಆಗ ನಮ್ಮ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲಿ ಇತ್ತು. ಮಂಗಳೂರಿಗೆ 1907ರಲ್ಲೇ ರೈಲು ಬಂದಿದ್ದರೂ ಅದು ಕೇರಳದ ಮೇಲೆ ಮದ್ರಾಸಿಗೆ ಹೋಗುವ ರೈಲು. ಕರಾವಳಿ ಹಿಡಿದು ಉತ್ತರಕ್ಕೆ ಹೋಗುವ ಕೊಂಕಣ ರೈಲ್ವೆ ಪೂರ್ತಿಯಾದದ್ದು 1998ರಲ್ಲಿ. ಹಾಗಾಗಿ ಪುತ್ತೂರು, ಸುಳ್ಯ ಕಡೆಯ ಹುಡುಗರಿಗೆ ಬೊಂಬಾಯಿ ಅಂದರೆ ಸ್ಟೀಮರ್. ಮಂಗಳೂರು ಬಂದರಿನ ಅಳಿವೆಯಲ್ಲಿ ಮರಳ ದಿಬ್ಬ, ನೀರು ಆಳ ಇಲ್ಲ. ಸ್ಟೀಮರು ದೂರ ಸಮುದ್ರದಲ್ಲೇ ನಿಲ್ಲುತ್ತಿತ್ತು. ದೋಣಿಯಲ್ಲಿ ಹೋಗಿ, ತೂಗಾಡುವ ಏಣಿ ಹಿಡಿದು ಹತ್ತಬೇಕು. ಮಳೆಗಾಲದಲ್ಲಿ ಅದೂ ಬಂದ್.

"ಹತ್ತಿದವನಿಗೆ ಮೊದಲ ಕೆಲಸ ಚಾಪೆ ಹಾಸುವುದು" ಅಂದರು ಅಜ್ಜ. "ಹಾಸಿದಷ್ಟು ನಿನ್ನ ಜಾಗ. ಎದ್ದು ಹೋದ್ರೆ ಹೋಯ್ತು. ಮಾವ ಉಚ್ಚೆಗೆ ಹೋಗುವಾಗ ನನ್ನನ್ನು ಅಡ್ಡ ಮಲಗಿಸಿ ಹೋಗ್ತಿದ್ದರು." ತಿನ್ನಲು ಮನೆಯಿಂದ ಕಟ್ಟಿಕೊಂಡ ಅವಲಕ್ಕಿ, ಬೆಲ್ಲ. ಎರಡು ರಾತ್ರಿ. ಹಡಗಿನ ಹೆಸರು ಅವರಿಗೆ ನೆನಪಿಲ್ಲ, ವಾಂತಿ ಮಾಡಿದ್ದು ನೆನಪುಂಟು.

ಆ ಹಡಗನ್ನು ಕಟ್ಟಬೇಕು ಅಂತ ನನಗೆ ಹುಚ್ಚು ಹಿಡಿದದ್ದು ಅಲ್ಲಿಂದ. ಹೆಸರೇ ಇಲ್ಲದ ಹಡಗಿಗೆ ನಕ್ಷೆ ಎಲ್ಲಿ ಹುಡುಕುವುದು? ಮಾಡೆಲ್ ಅಂಗಡಿಗಳಲ್ಲಿ ಟೈಟಾನಿಕ್ ಉಂಟು, ಕ್ವೀನ್ ಮೇರಿ ಉಂಟು, ನಾರ್ಮಂಡಿ ಉಂಟು. ಡೆಕ್ ಪ್ಯಾಸೆಂಜರ್‌ಗಳ ಹಡಗಿನ ಕಿಟ್ ನನಗೆ ಒಂದೂ ಸಿಗಲಿಲ್ಲ. ಹುಡುಕುತ್ತಾ ಹೋದಾಗ ಸಿಕ್ಕಿದ್ದು ಕರಾವಳಿಯ ಸ್ಟೀಮರ್ ಅಲ್ಲ, ಅದೇ ರೀತಿ ಜನ ಒಯ್ಯುತ್ತಿದ್ದ ದೊಡ್ಡ ಹಡಗು: ತಿಲಾವಾ.

ಎಸ್‌ಎಸ್ ತಿಲಾವಾ ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಷನ್ ಕಂಪೆನಿಯದ್ದು. 1924ರಲ್ಲಿ ಇಂಗ್ಲೆಂಡಿನ ಟೈನ್ ನದಿಯ ದಡದಲ್ಲಿ ಕಟ್ಟಿದ್ದು, 10,006 ಟನ್, ಉದ್ದದಲ್ಲಿ ಟೈಟಾನಿಕ್‌ನ ಸುಮಾರು ಅರ್ಧ. ಮೇಲೆ ಕೆಲವರಿಗೆ ಕ್ಯಾಬಿನ್, ಉಳಿದವರಿಗೆಲ್ಲ ಡೆಕ್, ಅವರವರ ಹಾಸಿಗೆ, ಅವರವರ ಗಂಟುಮೂಟೆ. 1942ರ ನವೆಂಬರಿನಲ್ಲಿ ಅದು ಬೊಂಬಾಯಿಯಿಂದ ಆಫ್ರಿಕಾದ ಮೊಂಬಾಸಾ, ಡರ್ಬನ್ ಕಡೆಗೆ ಹೊರಟಿತ್ತು. ಹಡಗಿನಲ್ಲಿದ್ದವರು 958 ಜನ, ಪ್ರಯಾಣಿಕರಲ್ಲಿ ಹೆಚ್ಚಿನವರು ಆಫ್ರಿಕಾದಲ್ಲಿ ವ್ಯಾಪಾರ, ಕೆಲಸ ಇದ್ದ ಗುಜರಾತಿಗಳು. ನವೆಂಬರ್ 23ರ ನಸುಕಿಗೆ ಮೊದಲು, ಸೀಶೆಲ್ಸ್ ದ್ವೀಪಗಳಿಂದ ಸುಮಾರು 930 ಮೈಲು ಈಶಾನ್ಯದಲ್ಲಿ, ಜಪಾನಿನ ಐ-29 ಸಬ್‌ಮರೀನ್ ಟಾರ್ಪಿಡೊ ಹೊಡೆಯಿತು. ಹಡಗು ತಕ್ಷಣ ಮುಳುಗಲಿಲ್ಲ. ದೋಣಿ ಇಳಿಸುವ ಗದ್ದಲದಲ್ಲೇ ಕೆಲವರು ಸತ್ತರು. ತೇಲುತ್ತಿದೆಯಲ್ಲ ಅಂತ ಕೆಲವರು ಹಡಗಿಗೆ ವಾಪಸ್ ಹತ್ತಿದರು. ಆಗ ಎರಡನೇ ಟಾರ್ಪಿಡೊ ಬಿತ್ತು. ಸತ್ತವರು 280. ಉಳಿದ 678 ಜನರಲ್ಲಿ ಹೆಚ್ಚಿನವರನ್ನು ಎರಡು ದಿನ ಬಿಟ್ಟು ಬರ್ಮಿಂಗ್‌ಹ್ಯಾಮ್ ಎಂಬ ಯುದ್ಧನೌಕೆ ಎತ್ತಿ, 27ರಂದು ಬೊಂಬಾಯಿಗೆ ತಂದು ಬಿಟ್ಟಿತು.

ಐ-29 ಅಂದಾಗ ಎಲ್ಲೋ ಕೇಳಿದ್ದೇನಲ್ಲ ಅನಿಸಿತು. ಐದು ತಿಂಗಳ ನಂತರ, 1943ರ ಏಪ್ರಿಲ್‌ನಲ್ಲಿ, ಮಡಗಾಸ್ಕರ್ ಹತ್ತಿರ ಜರ್ಮನ್ ಸಬ್‌ಮರೀನಿನಿಂದ ಸುಭಾಷ್‌ಚಂದ್ರ ಬೋಸರನ್ನು ಹತ್ತಿಸಿಕೊಂಡು ಪೂರ್ವಕ್ಕೆ ಒಯ್ದದ್ದು ಇದೇ ಐ-29. ಶಾಲೆಯಲ್ಲಿ ಆ ಪಾಠ ಓದುವಾಗ ನಮಗೆ ರೋಮಾಂಚನ ಆಗಿತ್ತು. ಈಗ ಎರಡೂ ಒಟ್ಟಿಗೆ ಗೊತ್ತಾದ ಮೇಲೆ ಅದನ್ನು ಹೇಗೆ ಇಟ್ಟುಕೊಳ್ಳಬೇಕೋ ನನಗೆ ತಿಳಿಯುವುದಿಲ್ಲ.

ತಿಲಾವಾದಲ್ಲಿ ಬೆಳ್ಳಿಯೂ ಇತ್ತು. ದಕ್ಷಿಣ ಆಫ್ರಿಕಾ ಸರ್ಕಾರ ಕೊಂಡಿದ್ದ 2,364 ಗಟ್ಟಿಗಳು. ಸುಮಾರು ಎರಡೂವರೆ ಕಿಲೋಮೀಟರ್ ಆಳದಿಂದ ಅದನ್ನು 2017ರಲ್ಲಿ ಮೇಲೆತ್ತಿದರು. ಎತ್ತಿದವರಿಗೆ ಹಣ ಕೊಡಬೇಕೇ ಅಂತ ಬ್ರಿಟನ್ನಿನ ಸುಪ್ರೀಂ ಕೋರ್ಟಿನವರೆಗೆ ಕೇಸು ಹೋಗಿ, 2024ರಲ್ಲಿ ದಕ್ಷಿಣ ಆಫ್ರಿಕಾ ಪರ ತೀರ್ಪು ಬಂತು. ಸತ್ತವರ ಮಕ್ಕಳು, ಮೊಮ್ಮಕ್ಕಳು ಸೇರಿ ಮುಂಬಯಿಯಲ್ಲಿ ಮೊದಲ ಸ್ಮರಣೆಯ ಕಾರ್ಯಕ್ರಮ ಮಾಡಿದ್ದು 2022ರ ನವೆಂಬರ್ 23ಕ್ಕೆ. ಎಂಬತ್ತು ವರ್ಷ ಬೇಕಾಯಿತು. ಟೈಟಾನಿಕ್‌ನ ಥರ್ಡ್ ಕ್ಲಾಸಿನವರದ್ದೂ ಹೆಸರು, ಊರು, ಟಿಕೆಟ್ ನಂಬರ್ ಈಗ ಇಂಟರ್‌ನೆಟ್‌ನಲ್ಲಿ ಎರಡು ಕ್ಲಿಕ್‌ಗೆ ಸಿಗುತ್ತದೆ.

ಇನ್ನೊಂದು ಸಂಗತಿ ಸಿಕ್ಕಿದ್ದು ನಿಯಮಗಳನ್ನು ಹುಡುಕುವಾಗ. ಟೈಟಾನಿಕ್ ಮುಳುಗಿದ ಮೇಲೆ 1914ರ ಜನವರಿಯಲ್ಲಿ ಲಂಡನ್ನಿನಲ್ಲಿ ದೇಶಗಳು ಕೂತು ಸಮುದ್ರಯಾನದ ಸುರಕ್ಷೆಗೆ ಸೋಲಾಸ್ ಅನ್ನುವ ಒಪ್ಪಂದ ಮಾಡಿದವು. ಹಡಗಿನಲ್ಲಿ ಇರುವಷ್ಟೂ ಜನಕ್ಕೆ ದೋಣಿಯಲ್ಲಿ ಜಾಗ ಇರಬೇಕು ಅನ್ನುವುದು ಅದರ ತಿರುಳು. ಮಹಾಯುದ್ಧ ಬಂದು ಅದು ಜಾರಿಯಾಗಲಿಲ್ಲ, 1929ರಲ್ಲಿ ಹೊಸದಾಗಿ ಮಾಡಿದರು. ಆ 1929ರದ್ದರಲ್ಲಿ ಒಂದು ವಿನಾಯಿತಿ ಉಂಟು. ಮಂಚ ಇಲ್ಲದ ಪ್ರಯಾಣಿಕರನ್ನು ದೊಡ್ಡ ಸಂಖ್ಯೆಯಲ್ಲಿ ಒಯ್ಯುವ ಹಡಗುಗಳಿಗೆ, ಅಂದರೆ ಹಜ್ ಯಾತ್ರೆಯ ಹಡಗಿನಂಥವಕ್ಕೆ, ಬೇರೆ ನಿಯಮ ಮಾಡಬಹುದು ಅಂತ. ಆ ಬೇರೆ ನಿಯಮ ಬರೆದದ್ದು ನಮ್ಮ ಶಿಮ್ಲಾದಲ್ಲಿ, 1931ರಲ್ಲಿ. ಹೆಸರೇ ಶಿಮ್ಲಾ ರೂಲ್ಸ್. ಮಂಚ ಇಲ್ಲದವರನ್ನು ಕಾನೂನು ಕರೆದದ್ದು 'ಅನ್‌ಬರ್ತ್ಡ್ ಪ್ಯಾಸೆಂಜರ್' ಅಂತ.

ಇದನ್ನು ಬರೀ ಬಿಳಿಯರ ಕುತಂತ್ರ ಅಂತ ಬರೆದುಬಿಡುವುದು ಸುಲಭ. ಅಜ್ಜನ ಹತ್ತಿರ ಕೇಳಿದೆ. "ಎಲ್ಲರಿಗೂ ಮಂಚ, ದೋಣಿ ಅಂತ ಹೇಳಿದ್ರೆ ಟಿಕೇಟಿಗೆ ಎಷ್ಟಾಗ್ತಿತ್ತು? ನಾನು ಬೊಂಬಾಯಿ ಕಾಣ್ತಿರಲಿಲ್ಲ" ಅಂದರು. ಅದೂ ಸರಿ. ತಿಲಾವಾ ಮುಳುಗಿದ್ದೂ ಟಾರ್ಪಿಡೊದಿಂದಲೇ ಹೊರತು ರೂಲ್ಸ್‌ನಿಂದ ಅಲ್ಲ. ಆದರೂ ಟೈಟಾನಿಕ್‌ನ ಖಾಲಿ ಡೆಕ್ಕಿನಿಂದ ಲೋಕ ಕಲಿತ ಪಾಠದಲ್ಲಿ ಅಜ್ಜನಂಥವರಿಗೆ ಒಂದು ಅಡಿಟಿಪ್ಪಣಿ ಹಾಕಿದ್ದರು ಅನ್ನುವುದು ನನಗೆ ಆ ಮಾಡೆಲ್ ಕಟ್ಟದಿದ್ದರೆ ಗೊತ್ತಾಗುತ್ತಿರಲಿಲ್ಲ.

ಈಗ ಟೈಟಾನಿಕ್ ಗೋಡೆ ಬದಿಗೆ ಹೋಗಿದೆ. ಪ್ಲೈವುಡ್ ಮೇಲೆ ತಿಲಾವಾ ಏಳುತ್ತಿದೆ. ಕಿಟ್ ಇಲ್ಲ, ಹಳೆಯ ಫೋಟೋ ನೋಡಿ ಅಳತೆ ತೆಗೆದು ಪ್ಲಾಸ್ಟಿಕ್ ಶೀಟಿನಲ್ಲಿ ಕತ್ತರಿಸುವುದು. ಮೈ ಭಾಗ ಹೇಗೋ ಆಯಿತು. ಡೆಕ್ ಮೇಲೆ ಏನಿಡುವುದು ಅಂತ ಬಹಳ ದಿನ ತಲೆಕೆಡಿಸಿಕೊಂಡೆ, ಯಾಕೆಂದರೆ ಅಲ್ಲಿ ಕುರ್ಚಿ ಇಲ್ಲ, ಮಂಚ ಇಲ್ಲ, ಅಂಟಿಸಲು ಏನೂ ಇಲ್ಲ. ಅಜ್ಜನೇ ಕೈಯಲ್ಲಿ ಅಳೆದು ತೋರಿಸಿದರು: ಚಾಪೆ ನಾಲ್ಕು ಮೊಳ ಉದ್ದ, ಅಗಲ ಒಂದೂವರೆ ಮೊಳಕ್ಕೆ ಸ್ವಲ್ಪ ಜಾಸ್ತಿ. ನಮ್ಮ ಸ್ಕೇಲಿನಲ್ಲಿ 9 ಮಿಲಿಮೀಟರ್ ಉದ್ದ, 4 ಮಿಲಿಮೀಟರ್ ಅಗಲ. ಕಾಗದಕ್ಕೆ ಚಹಾದ ನೀರು ಹಚ್ಚಿ ಒಣಗಿಸಿದರೆ ಚಾಪೆಯ ಬಣ್ಣ ಬರುತ್ತದೆ. ಆಫೀಸಿನ ಉದ್ದುದ್ದ ಕಾಲ್‌ಗಳಲ್ಲಿ ಮ್ಯೂಟ್ ಹಾಕಿ ಕತ್ತರಿಸುತ್ತೇನೆ. ಇಲ್ಲಿಯವರೆಗೆ 212 ಆಗಿದೆ. ಮೊನ್ನೆ ಅಂಟಿಸಲು ಶುರುಮಾಡಿದಾಗ ಅಜ್ಜ, "ಅಷ್ಟು ದೂರ ದೂರ ಇಡಬೇಡ ಮಗಾ, ತಾಗಿಸಿ ಇಡು" ಅಂದರು. ಹಾಗಾಗಿ ಎಲ್ಲ ಕಿತ್ತು ಮತ್ತೆ ಹಾಸುತ್ತಿದ್ದೇನೆ.