ಮನೆಯಾರೈಕೆಯ ಗುಣಮಟ್ಟ ಮತ್ತು ಸುರಕ್ಷತೆ: ಕತಾರಿನ ಸಂದರ್ಭದಲ್ಲಿ ಪರಿಶೀಲನೆಯ ಬಗೆ

‘ಹೋಮ್ ನರ್ಸ್’ ಎಂಬುದು ನಮ್ಮ ಕರಾವಳಿಯಲ್ಲಿ ಬಹಳ ಸಡಿಲವಾದ ಪದ. ಮಂಗಳೂರು, ಉಡುಪಿ, ಕಾಸರಗೋಡಿನ ಕಡೆ ರೋಗಿಯ ಬಳಿ ಉಳಿದು ನೋಡಿಕೊಳ್ಳುವವರನ್ನೆಲ್ಲ, ಶುಶ್ರೂಷೆಯ ಶಿಕ್ಷಣ ಇರಲಿ ಇಲ್ಲದಿರಲಿ, ಆ ಹೆಸರಿನಿಂದಲೇ ಕರೆಯುವುದು ರೂಢಿ. ಈ ಸಡಿಲತೆಯನ್ನು ದೋಹಾಕ್ಕೆ ಹೊತ್ತು ತಂದವರಿಗೆ ತೊಡಕು ಅಲ್ಲಿಂದಲೇ ಶುರುವಾಗುತ್ತದೆ.

ಕತಾರಿನಲ್ಲಿ ಮನೆಯೊಳಗಿನ ಆರೈಕೆ ಮೂರು ನೆಲೆಗಳಿಂದ ಬರುತ್ತದೆ. ಮೊದಲನೆಯದು, 1979ರಲ್ಲಿ ಸ್ಥಾಪನೆಯಾದ ಸರ್ಕಾರಿ ಹಮದ್ ಮೆಡಿಕಲ್ ಕಾರ್ಪೊರೇಶನ್ನಿನ ಮನೆಯಾರೈಕೆ ವಿಭಾಗ. ವೈದ್ಯರ ಶಿಫಾರಸಿನ ಮೇಲೆ ಅಲ್ಲಿಯ ತಂಡ ನಿಗದಿತ ದಿನಗಳಲ್ಲಿ ಮನೆಗೆ ಬಂದು ಹೋಗುತ್ತದೆ. ಎರಡನೆಯದು, ಸಾರ್ವಜನಿಕ ಆರೋಗ್ಯ ಸಚಿವಾಲಯದ ಪರವಾನಗಿ ಪಡೆದ ಖಾಸಗಿ ಸಂಸ್ಥೆಗಳು. ಮೂರನೆಯದು, ಬಹುಪಾಲು ಮನೆಗಳ ನಿಜಸ್ಥಿತಿ: ಮನೆಗೆಲಸದ ವೀಸಾದಲ್ಲಿ ಬಂದ ಹೆಣ್ಣುಮಗಳೇ ಅಜ್ಜಿಯನ್ನೂ ನೋಡಿಕೊಳ್ಳುವುದು. ಈ ಮೂರನೆಯವರು ಆರೋಗ್ಯ ಸೇವೆಯ ನಿಯಮಗಳಿಗೆ ಒಳಪಡುವವರಲ್ಲ, 2017ರ 15ನೆಯ ಸಂಖ್ಯೆಯ ಗೃಹಕಾರ್ಮಿಕರ ಕಾನೂನಿಗೆ ಒಳಪಟ್ಟವರು. ಊರಿನಿಂದ ಭೇಟಿ ವೀಸಾದಲ್ಲಿ ಬರುವ ತಂದೆತಾಯಿಯರ ಕಡ್ಡಾಯ ವಿಮೆ (2023ರ ಫೆಬ್ರುವರಿಯಿಂದ ತಿಂಗಳಿಗೆ 50 ರಿಯಾಲ್) ತುರ್ತು ಚಿಕಿತ್ಸೆ ಮತ್ತು ಅಪಘಾತಗಳಿಗೆ ಸೀಮಿತವಾದುದು; ತಿಂಗಳುಗಟ್ಟಲೆ ನಡೆಯುವ ಮನೆಯಾರೈಕೆಗೆ ಅದನ್ನು ನೆಚ್ಚಿಕೊಳ್ಳಲಾಗದು.

ಖಾಸಗಿ ಸಂಸ್ಥೆಯಿಂದ ದಾದಿ ಬರುವುದಾದರೆ ಮೊದಲು ನೋಡಬೇಕಾದದ್ದು ಸಂಸ್ಥೆಯ ಪರವಾನಗಿ ಒಂದನ್ನೇ ಅಲ್ಲ, ಬಾಗಿಲಿಗೆ ಬಂದ ವ್ಯಕ್ತಿಯ ಪರವಾನಗಿಯನ್ನೂ. ಸಚಿವಾಲಯದ ಆರೋಗ್ಯ ವೃತ್ತಿಗಳ ವಿಭಾಗ ಪದವಿ, ಅನುಭವಗಳ ಮೂಲ ದಾಖಲೆ ಪರಿಶೀಲಿಸಿ ಇದನ್ನು ಕೊಡುತ್ತದೆ. ಕರ್ನಾಟಕದ ಶುಶ್ರೂಷಾ ಪರಿಷತ್ತಿನ ನೋಂದಣಿ ಎಷ್ಟೇ ಹಳೆಯದಿರಲಿ, ಇಲ್ಲಿಯ ಪರವಾನಗಿ ಇಲ್ಲದೆ ಇಲ್ಲಿ ದಾದಿಯ ಕೆಲಸ ಮಾಡುವಂತಿಲ್ಲ. ‘ನಮ್ಮೂರಿನವರೇ, ಪಾಪ, ಒಳ್ಳೆಯ ಹುಡುಗಿ’ ಎಂಬ ಶಿಫಾರಸನ್ನು ನಾನು ಹಲವು ಸಲ ಕೇಳಿದ್ದೇನೆ. ಒಳ್ಳೆಯ ಹುಡುಗಿಯೇ ಇರಬಹುದು. ಆದರೆ ಮೂಗಿನ ನಳಿಗೆ, ಮೂತ್ರದ ಕ್ಯಾಥೆಟರ್, ಚುಚ್ಚುಮದ್ದು ಇವು ಒಳ್ಳೆಯತನದಿಂದ ಮಾತ್ರ ನಡೆಯುವ ಕೆಲಸಗಳಲ್ಲ.

ಗೃಹಕಾರ್ಮಿಕರ ವಿಷಯದಲ್ಲಿ ಪ್ರಶ್ನೆ ತಿರುಗಿ ನಮ್ಮ ಕಡೆಗೇ ಬರುತ್ತದೆ. ಕಾನೂನಿನ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ದಿನಕ್ಕೆ ಗರಿಷ್ಠ 10 ಗಂಟೆ ಕೆಲಸ. ವಾರಕ್ಕೆ ಕನಿಷ್ಠ 24 ಗಂಟೆ ಸಂಬಳಸಹಿತ ವಿರಾಮ. ವರ್ಷಕ್ಕೆ ಮೂರು ವಾರ ರಜೆ. 2021ರ ಮಾರ್ಚಿನಿಂದ ತಿಂಗಳಿಗೆ 1000 ರಿಯಾಲ್ ಕನಿಷ್ಠ ವೇತನ ಇವರಿಗೂ ಅನ್ವಯಿಸುತ್ತದೆ. ಹಗಲಿಡೀ ಅಡುಗೆ, ಮಕ್ಕಳು, ಇಸ್ತ್ರಿ ಮುಗಿಸಿದವಳೇ ರಾತ್ರಿ ಎರಡು ಗಂಟೆಗೊಮ್ಮೆ ಎದ್ದು ಹಾಸಿಗೆ ಹಿಡಿದವರನ್ನು ಮಗ್ಗುಲು ತಿರುಗಿಸಬೇಕೆಂದರೆ ಮೂರನೆಯ ರಾತ್ರಿ ಅವಳು ಏಳುವುದಿಲ್ಲ. ಕೆಲಸದವಳ ನಿದ್ರೆಯ ಲೆಕ್ಕವೂ ರೋಗಿಯ ಸುರಕ್ಷತೆಯ ಲೆಕ್ಕದೊಳಗೇ ಸೇರಿದ್ದು ಎಂದು ನಾನು ಭಾವಿಸುತ್ತೇನೆ.

ಗುಣಮಟ್ಟವನ್ನು ಅಳೆಯುವ ಶಾಸ್ತ್ರದ ತಳಹದಿ ಹಾಕಿದವರು ಅವೆದಿಸ್ ದೊನಬೆದಿಯನ್. 1919ರಲ್ಲಿ ಬೈರೂತಿನ ಅರ್ಮೇನಿಯನ್ ಕುಟುಂಬದಲ್ಲಿ ಹುಟ್ಟಿ ಅಮೆರಿಕೆಗೆ ಹೋದ ವೈದ್ಯರು. 1966ರ ಅವರ ಲೇಖನವೊಂದು ಚಿಕಿತ್ಸೆಯ ಗುಣಮಟ್ಟವನ್ನು ಮೂರು ಕಡೆಯಿಂದ ನೋಡಲು ಹೇಳಿತು: ವ್ಯವಸ್ಥೆ, ಕಾರ್ಯವಿಧಾನ, ಪರಿಣಾಮ. ಪರವಾನಗಿ, ತರಬೇತಿ, ಉಪಕರಣ ಇವೆಲ್ಲ ವ್ಯವಸ್ಥೆಗೆ ಸೇರಿದವು. ಜಾಯಿಂಟ್ ಕಮಿಷನ್ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆ ಮನೆಯಾರೈಕೆಗೇ ಪ್ರತ್ಯೇಕ ಮಾನದಂಡಗಳನ್ನು ಇಟ್ಟುಕೊಂಡಿದ್ದು, ಅದರ ಮಾನ್ಯತೆಯನ್ನು ಮೂರು ವರ್ಷಕ್ಕೊಮ್ಮೆ ನವೀಕರಿಸಿಕೊಳ್ಳಬೇಕು. ಗೋಡೆಯ ಪ್ರಮಾಣಪತ್ರದ ಕೊನೆಯ ದಿನಾಂಕವನ್ನೂ ಓದಬೇಕು ಎಂಬುದು ಅದಕ್ಕಾಗಿ.

ವ್ಯವಸ್ಥೆ ಸರಿಯಿದ್ದೂ ಕಾರ್ಯವಿಧಾನ ಕೆಡಬಹುದೆಂಬುದು ನನಗೆ ಅನುಭವದಿಂದ ತಿಳಿಯಿತು. ಪಾರ್ಶ್ವವಾಯುವಿನ ಬಳಿಕ ನನ್ನ ತಾಯಿ ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಹಗಲಿಗೊಬ್ಬರು, ರಾತ್ರಿಗೊಬ್ಬರು, ಇಬ್ಬರೂ ಪರವಾನಗಿ ಇದ್ದ ದಾದಿಯರೇ. ಹಗಲಿನವರು ಹೊರಡುವ ಮುನ್ನ ಸಂಜೆ ಆರಕ್ಕೆ ಮಾತ್ರೆ ಕೊಡುತ್ತಿದ್ದರು. ಹೊಸದಾಗಿ ಬಂದ ರಾತ್ರಿಯವರು ಒಂಬತ್ತಕ್ಕೆ ಮತ್ತೊಂದು. ನಾಲ್ಕು ದಿನ ಹೀಗೆ ನಡೆಯಿತು. ಐದನೆಯ ಬೆಳಿಗ್ಗೆ ಹಲ್ಲುಜ್ಜುವಾಗ ಒಸಡಿನ ರಕ್ತ ನಿಲ್ಲಲಿಲ್ಲ. 2ರಿಂದ 3ರ ನಡುವೆ ಇರಬೇಕಾದ ಐಎನ್ಆರ್ 6 ದಾಟಿತ್ತು. ಎರಡು ದಿನ ಆಸ್ಪತ್ರೆಯಲ್ಲಿದ್ದು ಅಮ್ಮ ಮನೆಗೆ ಮರಳಿದರು. ಮಾತ್ರೆ ಕೊಟ್ಟ ಕೂಡಲೇ ಸಮಯ ಬರೆದು ಸಹಿ ಹಾಕುವ ಹಾಳೆ ಮನೆಯಲ್ಲಿ ಇರಲಿಲ್ಲ. ಅದು ಇಲ್ಲವೆಂಬುದನ್ನು ಸಂಸ್ಥೆಯ ಮೇಲ್ವಿಚಾರಕರೂ ಗಮನಿಸಿರಲಿಲ್ಲ, ನಾನೂ ಕೇಳಿರಲಿಲ್ಲ. ಆ ಬಳಿಕ ಪ್ರತಿ ಶುಕ್ರವಾರ ಬೆಳಿಗ್ಗೆ ಪಟ್ಟಿಯಲ್ಲಿ ಉಳಿದ ಮಾತ್ರೆಗಳನ್ನು ಎಣಿಸಿ ಹಾಳೆಯೊಡನೆ ತಾಳೆ ನೋಡುವ ಅಭ್ಯಾಸ ಇಟ್ಟುಕೊಂಡೆ. ಐದು ನಿಮಿಷದ ಕೆಲಸ.

ಪರಿಣಾಮವನ್ನು ಓದಲು ರೋಗಿಯ ಚರ್ಮದಷ್ಟು ಪ್ರಾಮಾಣಿಕವಾದ ದಾಖಲೆ ಬೇರೊಂದಿಲ್ಲ. ಹಾಸಿಗೆ ಹುಣ್ಣು ಬೇಗ ಕಾಣಿಸುವ ಜಾಗಗಳು ಬೆನ್ನಿನ ಕೆಳಗಿನ ಮೂಳೆ, ಸೊಂಟದ ಪಕ್ಕ, ಹಿಮ್ಮಡಿ. ಪುಸ್ತಕಗಳು ‘ಒತ್ತಿದರೂ ಬಿಳಿಚಿಕೊಳ್ಳದ ಕೆಂಪು’ ಎಂದು ಮೊದಲ ಹಂತವನ್ನು ವರ್ಣಿಸುತ್ತವೆ. ನಮ್ಮ ಮೈಬಣ್ಣದಲ್ಲಿ ಆ ಕೆಂಪು ಎಷ್ಟೋ ಸಲ ಕಾಣಿಸುವುದೇ ಇಲ್ಲ. ಸುತ್ತಲಿಗಿಂತ ಕಪ್ಪಾದ, ಬಿಸಿಯಾದ, ಗಟ್ಟಿ ಅಥವಾ ಮೆದುವಾದ ಜಾಗವನ್ನು ಬೆರಳಿನಿಂದ ಮುಟ್ಟಿ ಹುಡುಕಬೇಕು. 1987ರಲ್ಲಿ ಪ್ರಕಟವಾದ ಬ್ರೇಡನ್ ಮಾಪಕ ಸ್ಪರ್ಶದ ಅರಿವು, ತೇವ, ಓಡಾಟ, ಚಲನೆ, ಆಹಾರ, ಉಜ್ಜುವಿಕೆ ಈ ಆರಕ್ಕೆ ಅಂಕ ಕೊಡುತ್ತದೆ. ಒಟ್ಟು 23, 18 ಅಥವಾ ಅದಕ್ಕಿಂತ ಕಡಿಮೆ ಬಂದರೆ ಹುಣ್ಣಾಗುವ ಅಪಾಯ ಇದೆಯೆಂದು ಅರ್ಥ. ‘ಬ್ರೇಡನ್ ಅಂಕ ಎಷ್ಟು, ಯಾವಾಗ ನೋಡಿದಿರಿ’ ಎಂದು ಸಂಸ್ಥೆಯವರನ್ನು ಕೇಳಿ ನೋಡಬಹುದು. ಉತ್ತರ ಬರುವ ಬಗೆಯೇ ಬಹಳಷ್ಟನ್ನು ತಿಳಿಸುತ್ತದೆ. ಮೂತ್ರದ ಚೀಲ ಸದಾ ಮೂತ್ರಕೋಶಕ್ಕಿಂತ ಕೆಳಗಿದೆಯೇ, ನಳಿಗೆಯಲ್ಲಿ ಆಹಾರ ಕೊಡುವಾಗ ತಲೆಯ ಭಾಗ 30 ಡಿಗ್ರಿಯಷ್ಟಾದರೂ ಎತ್ತರದಲ್ಲಿದೆಯೇ, ರೋಗಿಯನ್ನು ಮುಟ್ಟುವ ಮುನ್ನವೂ ಆಮೇಲೂ ಕೈ ತೊಳೆದರೇ ಎಂಬುದನ್ನು ಪಕ್ಕದ ಕುರ್ಚಿಯಲ್ಲಿ ಕುಳಿತೇ ನೋಡಬಹುದು.

ಯಾವ ಮಾಪಕದಲ್ಲೂ ಸೇರದ ಇನ್ನೊಂದು ಅಪಾಯ ಭಾಷೆಯದು. ಅಮ್ಮನಿಗೆ ಕುಂದಾಪುರದ ಕನ್ನಡ ಬಿಟ್ಟು ಬೇರೆ ಬಾರದು, ದಾದಿ ಮಲಯಾಳಿ. ‘ಜೋಮು’ ಎಂದು ಅಮ್ಮ ಎರಡು ದಿನ ಹೇಳಿದ್ದನ್ನು ಆಕೆ ಕಾಲುನೋವು ಎಂದೇ ಬರೆದಿದ್ದರು. ಪಾರ್ಶ್ವವಾಯು ಆದವರಲ್ಲಿ ಹೊಸದಾಗಿ ಬಂದ ಜೋಮು ಕೂಡಲೇ ವೈದ್ಯರಿಗೆ ತಿಳಿಸಬೇಕಾದ ಲಕ್ಷಣ. ಉರಿ, ಸೆಳೆತ, ತಲೆಸುತ್ತು, ಉಬ್ಬಸ, ಜೋಮು ಮುಂತಾದ ಇಪ್ಪತ್ತು ಪದಗಳನ್ನು ಮಲಯಾಳ ಲಿಪಿಯಲ್ಲಿ ಅರ್ಥಸಹಿತ ಬರೆಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಅದರ ಕೆಳಗೆ ತುರ್ತು ಸಂಖ್ಯೆ 999, ಕಟ್ಟಡದ ನೀಲಿ ಫಲಕದಲ್ಲಿರುವ ವಲಯ, ರಸ್ತೆ, ಕಟ್ಟಡಗಳ ಸಂಖ್ಯೆ. ಆಂಬುಲೆನ್ಸಿಗೆ ವಿಳಾಸ ಹೇಳಲು ಅವು ಮೂರಿದ್ದರೆ ಸಾಕು.

ಹಿರಿಯರು ಊರಿನಲ್ಲೇ ಇದ್ದು ನಾವು ಇಲ್ಲಿಂದ ನೋಡಿಕೊಳ್ಳುವವರಾದರೆ ಈ ಹಾಳೆಗಳನ್ನೇ ಅಲ್ಲಿಯೂ ಬಳಸಬಹುದು. ವಿಡಿಯೊ ಕರೆಯಲ್ಲಿ ಅಮ್ಮನ ಮುಖ ನೋಡಿ ಸಮಾಧಾನಪಡುವ ಜೊತೆಗೆ ಹಿಮ್ಮಡಿಯನ್ನೂ ಮಾತ್ರೆಯ ಪಟ್ಟಿಯನ್ನೂ ತೋರಿಸಲು ಹೇಳಬೇಕು. ವಾರಕ್ಕೊಮ್ಮೆ, ಮುಂಚಿತವಾಗಿ ತಿಳಿಸದೆ, ನೆಂಟರೊಬ್ಬರು ಮನೆಗೆ ಹೋಗಿ ಬರುವಂತಿರಬೇಕು. ಹಿರಿಯರ ಮೇಲೆ ಕಿರುಕುಳದ ಅನುಮಾನ ಬಂದರೆ ಬೆಂಗಳೂರಿನಲ್ಲಿ ನಗರ ಪೊಲೀಸರೂ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟೂ 2002ರಲ್ಲಿ ಆರಂಭಿಸಿದ ಹಿರಿಯರ ಸಹಾಯವಾಣಿ 1090 ಇದೆ. ದೇಶದ ಉಳಿದೆಡೆಗೆ 14567. ಈ ಸಂಖ್ಯೆಗಳನ್ನು ಆ ನೆಂಟರ ಫೋನಿನಲ್ಲಿ ಈಗಲೇ ಬರೆಸಿಡುವುದು ಒಳ್ಳೆಯದು.